ಮಣ್ಣಿನ ಒಡವೆ: ಹಳೆಯ ಗ್ರಾಹಕರಿಗೆ ಹೊಸ ಸಂಗ್ರಹ ಕಟ್ಟುವುದು ಹೇಗೆ?

ಮನೆಯಲ್ಲೇ ಟೆರಾಕೋಟಾ ಒಡವೆ ಮಾಡುವವರಿಗೆ ಮೊದಲ ವರ್ಷ ಅಷ್ಟು ಕಷ್ಟವಾಗುವುದಿಲ್ಲ. ನೆಂಟರು, ಅಕ್ಕಪಕ್ಕದವರು, ಕಚೇರಿಯ ಗೆಳತಿಯರು ಒಂದೊಂದು ಜೊತೆ ಕೊಳ್ಳುತ್ತಾರೆ. ಎರಡನೇ ವರ್ಷ ಅವರೇ ಬಂದು ತಟ್ಟೆಯ ಮೇಲೆ ಕಣ್ಣಾಡಿಸಿ, ‘ಇದು ನನ್ನ ಹತ್ತಿರ ಇದೆಯಲ್ಲ’ ಎಂದಾಗ ದಿಗಿಲಾಗುತ್ತದೆ. ಆ ದಿಗಿಲಿನಲ್ಲಿ ಅನೇಕರು ಮಣ್ಣು ಬಿಟ್ಟು ರೇಷ್ಮೆ ದಾರಕ್ಕೆ, ಅದನ್ನೂ ಬಿಟ್ಟು ರೆಸಿನ್‌ಗೆ ಹಾರುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮರಳಿ ಬರುವವರು ನಿಮ್ಮ ಕೈಗುಣ ಮೆಚ್ಚಿ ಬರುತ್ತಾರೆ. ಅವರು ಗುರುತಿಸುವ ಆಕಾರವನ್ನು ಉಳಿಸಿಕೊಂಡು ಕುಸುರಿ, ಬಣ್ಣ, ಜೋಡಣೆಯನ್ನು ಹಂಗಾಮಿಗೆ ತಕ್ಕಂತೆ ಬದಲಿಸುತ್ತ ಹೋದರೆ ಸಾಕು.

ಮೊದಲು ಲೆಕ್ಕದ ಪುಸ್ತಕ

ಕಳೆದ ವರ್ಷ ಮಾರಿದ್ದನ್ನೆಲ್ಲ ಒಂದೆಡೆ ಬರೆದುಕೊಳ್ಳಿ. ಪುಸ್ತಕದಲ್ಲಿ ಬೆಲೆಯಷ್ಟೇ ಇದ್ದರೆ ವಾಟ್ಸ್‌ಆ್ಯಪ್‌ನ ಹಳೆಯ ಸಂದೇಶಗಳನ್ನು ತೆರೆಯಿರಿ. ಯಾರು, ಯಾವ ಆಕಾರ, ಯಾವ ಬಣ್ಣ, ಯಾವ ಸೀರೆಗೆ ಎಂಬುದೆಲ್ಲ ಅಲ್ಲಿ ಸಿಗುತ್ತದೆ. ಎರಡು ಸಲ ಕೊಂಡವರ ಹೆಸರಿನ ಮುಂದೆ ಗುರುತು ಹಾಕಿ, ಎರಡನೇ ಸಲ ಏನು ಕೊಂಡರು ಎಂದು ನೋಡಿ. ದೊಡ್ಡ ಪದಕದ ಸರಕ್ಕೆ ಹೊಗಳಿಕೆ ಜಾಸ್ತಿ ಬಂದಿರಬಹುದು, ಆದರೆ ಎರಡನೇ ಸಲ ಹೋಗಿದ್ದು ದಿನಬಳಕೆಯ ಜುಮುಕಿಯಾಗಿದ್ದರೆ ನಿಮ್ಮ ಹೊಸ ಸಂಗ್ರಹ ಶುರುವಾಗಬೇಕಾದದ್ದು ಜುಮುಕಿಯಿಂದಲೇ.

ಮಾರದೆ ಉಳಿದದ್ದನ್ನು ಅರ್ಧ ಬೆಲೆಗೆ ಕೊಡುವುದನ್ನು ನಾನು ಒಪ್ಪುವುದಿಲ್ಲ. ಪೂರ್ತಿ ಬೆಲೆ ಕೊಟ್ಟು ಕೊಂಡವರಿಗೆ ಅದು ಅನ್ಯಾಯ. ಸೆಟ್ ಬಿಡಿಸಿ, ಮಣಿಗಳನ್ನು ಬೇರೆ ಪದಕಕ್ಕೆ ಪೋಣಿಸಿ, ಕಪ್ಪು ದಾರದ ಬದಲು ಹತ್ತಿ ಹುರಿಗೆ ಕಟ್ಟಿ. ಅದೇ ಒಡವೆ ಬೇರೆಯದೇ ರೂಪ ತಾಳುತ್ತದೆ.

ಹೊಸ ಕುಸುರಿ ಎಲ್ಲಿಂದ?

ಅಂತರ್ಜಾಲದಲ್ಲಿ ಸಿಗುವ ಚಿತ್ರವನ್ನು ನಕಲು ಮಾಡಿದರೆ ಅದೇ ಚಿತ್ರ ಇನ್ನೂ ಹತ್ತು ಜನರ ತಟ್ಟೆಯಲ್ಲಿರುತ್ತದೆ. ನಮ್ಮ ಸುತ್ತಲೇ ಇರುವ ಒಂದು ಮೂಲವನ್ನು ಹಿಡಿದು ವರ್ಷವಿಡೀ ಅದರೊಳಗೇ ಕೆಲಸ ಮಾಡುವುದು ಉತ್ತಮ.

ಉತ್ತರ ಕರ್ನಾಟಕದ ಕಸೂತಿಯನ್ನೇ ತೆಗೆದುಕೊಳ್ಳಿ. ಅದರಲ್ಲಿ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವ ಪದ್ಧತಿಯಿಲ್ಲ, ನೂಲಿನ ಎಳೆ ಎಣಿಸಿ ಹೊಲಿಯುತ್ತಾರೆ. ಹಾಗಾಗಿ ಗೋಪುರ, ತೇರು, ತುಳಸಿಕಟ್ಟೆ, ಆನೆ, ನವಿಲು ಯಾವುದನ್ನಾದರೂ ಚೌಕುಳಿ ಕಾಗದಕ್ಕೆ ಸಲೀಸಾಗಿ ಇಳಿಸಬಹುದು. ಒಂದೂವರೆ ಅಂಗುಲದ ಬಿಲ್ಲೆಯಲ್ಲಿ ಇಡೀ ತೇರು ಹಿಡಿಸುವುದಿಲ್ಲ. ಅದರ ಕಳಸವನ್ನೋ ಒಂದು ಮೂಲೆಯನ್ನೋ ಆರಿಸಿಕೊಂಡು, ಚೌಕಗಳನ್ನು ಎಣಿಸಿ ಮಣ್ಣಿನ ಮೇಲೆ ಚುಕ್ಕೆ ಇಡಿ. ಕೊರೆಯುವ ಹೊತ್ತು ಬಹಳ ಮುಖ್ಯ. ಮಣ್ಣು ಇನ್ನೂ ತಣ್ಣಗಿದ್ದು, ಬೆರಳೊತ್ತಿದರೆ ಗುರುತು ಬೀಳದಷ್ಟು ಬಿಗಿದಿರಬೇಕು. ಅದಕ್ಕೂ ಮೊದಲು ಸೂಜಿಯಾಡಿಸಿದರೆ ಗೆರೆಯ ಎರಡೂ ಬದಿ ಮಣ್ಣು ಉಬ್ಬುತ್ತದೆ, ತಡಮಾಡಿದರೆ ಚಕ್ಕೆ ಏಳುತ್ತದೆ.

ಇಳಕಲ್ ಸೀರೆಯ ಕೆಂಪು ಸೆರಗಿನ ಬಿಳಿ ವಿನ್ಯಾಸ, ಬೇಲೂರಿನ ಮದನಿಕೆಯರ ಕಿವಿ-ಕೊರಳಿನ ಆಭರಣ, ಕೊಡವರ ಜೋಮಾಲೆ ಇವೂ ಒಳ್ಳೆಯ ಮೂಲಗಳೇ. ಬುಗುಡಿಯನ್ನು ಮಾತ್ರ ಮರೆಯಬೇಡಿ. ಕಿವಿಯ ಮೇಲಂಚಿಗೆ ಇಡುವ ಈ ಒಡವೆ ಅಜ್ಜಿಯರ ಪೆಟ್ಟಿಗೆ ಸೇರಿಬಿಟ್ಟಿದೆ. ಈಗಿನ ಹುಡುಗಿಯರಲ್ಲಿ ಬಹಳ ಮಂದಿಗೆ ಅಲ್ಲಿ ಚುಚ್ಚಿಸಿರುವುದಿಲ್ಲ. ಹಗುರವಾಗಿ ಮಾಡಿ, ಚುಚ್ಚದೆ ಸಿಕ್ಕಿಸುವ ಕ್ಲಿಪ್ ಹಾಕಿ ಕೊಟ್ಟರೆ ನಿಮ್ಮ ಹಳೆಯ ಜುಮುಕಿ ಕೊಂಡವರೇ ಅದಕ್ಕೆ ಜೋಡಿಯಾಗಿ ಇದನ್ನೂ ಕೇಳುತ್ತಾರೆ.

ಮಳೆಗಾಲಕ್ಕೆ ಮುಂಚೆಯೇ ಸುಟ್ಟಿಡಿ

ಈ ಕಸುಬಿನ ದೊಡ್ಡ ತೊಡಕು ಇಲ್ಲಿದೆ. ಆಷಾಢದ ರಿಯಾಯಿತಿಯಲ್ಲಿ ಕೊಂಡ ಸೀರೆಗೆ ಶ್ರಾವಣದಲ್ಲಿ ಒಡವೆ ಬೇಕು. ವರಮಹಾಲಕ್ಷ್ಮಿ ಹಬ್ಬ, ಗೌರಿ ಹಬ್ಬ ಒಂದರ ಹಿಂದೊಂದು ಬರುತ್ತವೆ. ಬೇಡಿಕೆ ಏರುವ ಆ ದಿನಗಳಲ್ಲೇ ಗಾಳಿಯಲ್ಲಿ ತೇವ ತುಂಬಿ ಮಣ್ಣು ಒಣಗುವುದಿಲ್ಲ. ಮೇಲೆ ಒಣಗಿದಂತೆ ಕಂಡರೂ ದಪ್ಪ ಮಣಿಯ ಹೊಟ್ಟೆಯಲ್ಲಿ ನೀರು ಉಳಿದಿರುತ್ತದೆ. ಗೂಡಿನ ಶಾಖಕ್ಕೆ ಅದು ಆವಿಯಾಗಿ ಮಣಿ ಸಿಡಿಯುತ್ತದೆ, ಪಕ್ಕದ ನಾಲ್ಕನ್ನೂ ಹಾಳು ಮಾಡುತ್ತದೆ. ಹಬ್ಬ ಹತ್ತಿರ ಬಂತೆಂದು ಬಿಸಿಲಿಗೆ ನೇರವಾಗಿ ಇಟ್ಟರೆ ಹೊರಪದರ ಬೇಗ ಕುಗ್ಗಿ ಬಿರುಕು ಬಿಡುತ್ತದೆ.

ಪರಿಹಾರ ಇಷ್ಟೇ: ಏಪ್ರಿಲ್, ಮೇ ತಿಂಗಳಲ್ಲಿ ಬಿಲ್ಲೆ, ಮಣಿ, ಜುಮುಕಿಯ ಗುಮ್ಮಟಗಳನ್ನು ಸಾಕಷ್ಟು ಮಾಡಿ, ಮೊದಲು ನೆರಳಿನಲ್ಲಿ ತೆಳುಬಟ್ಟೆ ಹೊದಿಸಿ, ಕೊನೆಗೆ ಬಿಸಿಲಿನಲ್ಲಿ ಒಣಗಿಸಿ, ಸುಟ್ಟು, ಬಣ್ಣ ಹಚ್ಚದೆ ಡಬ್ಬಿಯಲ್ಲಿ ತುಂಬಿಡಿ. ಕೆಲವನ್ನು ಹೊಗೆ ಹೊರಹೋಗದಂತೆ ಗೂಡು ಮುಚ್ಚಿ ಸುಟ್ಟು ಕಪ್ಪಾಗಿಸಿಕೊಳ್ಳಿ. ಕಪ್ಪು ಯಾವ ಸೀರೆಗೂ ಒಪ್ಪುತ್ತದೆ. ಆಮೇಲೆ ಎಷ್ಟೇ ಮಳೆ ಸುರಿಯಲಿ, ನಿಮ್ಮ ಮುಂದೆ ಉಳಿಯುವುದು ಬಣ್ಣ ಮತ್ತು ಪೋಣಿಸುವ ಕೆಲಸ ಮಾತ್ರ.

ಬಣ್ಣ ಕೊನೆಗೆ, ಗ್ರಾಹಕರನ್ನು ಕೇಳಿ

ಸುಟ್ಟಿಟ್ಟ ಬಿಲ್ಲೆ ಕೈಯಲ್ಲಿದ್ದರೆ ಹಳೆಯ ಗ್ರಾಹಕರಿಗೆ ಸಂದೇಶ ಕಳಿಸುವ ಧೈರ್ಯ ಬರುತ್ತದೆ: ‘ಹಬ್ಬದ ಸೀರೆಯ ಚಿತ್ರ ಕಳಿಸಿ, ಅದಕ್ಕೆ ಹೊಂದುವಂತೆ ಮಾಡಿಕೊಡುತ್ತೇನೆ.’ ಚಿತ್ರವನ್ನು ಹಗಲು ಬೆಳಕಿನಲ್ಲಿ, ಅಂಚು ಮತ್ತು ಒಡಲು ಎರಡೂ ಕಾಣುವಂತೆ ತೆಗೆಯಲು ಹೇಳಿ. ಟ್ಯೂಬ್‌ಲೈಟ್ ಕೆಳಗೆ ಮೈಸೂರು ರೇಷ್ಮೆಯ ನೇರಳೆ ನೀಲಿಯಾಗಿ ಕಂಡುಬಿಡಬಹುದು. ಆಕ್ರಿಲಿಕ್ ಬಣ್ಣ ಒಣಗಿದಾಗ ಸ್ವಲ್ಪ ಗಾಢವಾಗುತ್ತದೆ. ಆದ್ದರಿಂದ ಬೆರೆಸಿದ ಬಣ್ಣವನ್ನು ಸುಟ್ಟ ಮಣ್ಣಿನ ಚೂರಿಗೆ ಹಚ್ಚಿ, ಒಣಗಿಸಿ, ಹಗಲು ಬೆಳಕಿನಲ್ಲಿ ತಾಳೆ ನೋಡಿದ ಮೇಲೇ ಒಡವೆಗೆ ಕೈ ಹಾಕಿ. ಆ ಚೂರಿನ ಹಿಂದೆ ಸಂಖ್ಯೆ ಹಾಕಿಡಿ, ಯಾವ ಬಣ್ಣ ಎಷ್ಟು ಬೆರೆಸಿದಿರಿ ಎಂಬುದನ್ನೂ ಬರೆಯಿರಿ.

ನವರಾತ್ರಿಗೆ ದಿನಕ್ಕೊಂದು ಬಣ್ಣ ಉಡುವವರಿಗೆ ಒಂದೇ ಆಕಾರದ ಓಲೆಯನ್ನು ಒಂಬತ್ತು ಬಣ್ಣದಲ್ಲಿ ಕೊಡಬಹುದು. ನವೆಂಬರ್ 1ಕ್ಕೆ ಅರಿಶಿನ-ಕುಂಕುಮದ ಬಣ್ಣ. ಎರಡಕ್ಕೂ ಹೊಸ ಅಚ್ಚು ಬೇಕಿಲ್ಲ.

ಕೊಕ್ಕೆ, ತೂಕ

ಒಡವೆ ಚೆನ್ನಾಗಿದ್ದೂ ಗ್ರಾಹಕರು ಸದ್ದಿಲ್ಲದೆ ದೂರವಾಗುವುದು ಬಹುಪಾಲು ಕಿವಿಯ ಕಾರಣದಿಂದ. ಅಗ್ಗದ ಕೊಕ್ಕೆಯಲ್ಲಿರುವ ನಿಕ್ಕಲ್ ಅನೇಕರಿಗೆ ಒಗ್ಗುವುದಿಲ್ಲ. ತುರಿಕೆ, ಕೆಂಪಾಗುವುದು, ಕೀವು ಕಾಣಿಸುತ್ತದೆ. ನಿಕ್ಕಲ್ ಇಲ್ಲದ ಕೊಕ್ಕೆಯನ್ನೋ ಬೆಳ್ಳಿಯದನ್ನೋ ಹಾಕಿ, ಅದಕ್ಕೆ ತಗಲುವ ವೆಚ್ಚವನ್ನು ಬೆಲೆಯಲ್ಲಿ ಸೇರಿಸಿ. ತೂಕ ನೋಡದೆ ಯಾವ ಜುಮುಕಿಯನ್ನೂ ಮಾರಬೇಡಿ. ಒಂದು ಕಿವಿಗೆ 10 ಗ್ರಾಂ ಎಂಬುದು ನಾನು ದಾಟಬಾರದೆನ್ನುವ ಮಿತಿ. ದಾಟಿದರೆ ಗುಮ್ಮಟದ ಗೋಡೆ ತೆಳುವಾಗಬೇಕು, ಇಲ್ಲವೇ ಭಾರ ಹೊರುವ ಮಾಟಿ ಜೊತೆಗೆ ಕೊಡಬೇಕು.

ದುರಸ್ತಿಯೂ ನಿಮ್ಮದೇ ಕೆಲಸ

ಹೊಸ ವಿನ್ಯಾಸಕ್ಕಿಂತ ಹೆಚ್ಚಾಗಿ ಜನರನ್ನು ಮರಳಿ ಕರೆತರುವುದು ದುರಸ್ತಿ ಎಂದು ನಾನು ನಂಬಿದ್ದೇನೆ. ದಾರ ಹರಿದ ಸರ, ಬಣ್ಣ ಮಾಸಿದ ಪದಕ ಹಿಡಿದು ಬಂದವರ ಕಣ್ಣು ಹೊಸ ತಟ್ಟೆಯ ಮೇಲೂ ಬೀಳುತ್ತದೆ. ದಾರ ಬದಲಿಸಲು ದುಡ್ಡು ಕೇಳಬೇಡಿ. ಮರುಬಣ್ಣಕ್ಕೆ ಕೇಳಿ.

ಓಲೆ ಒಂದು ಕಳೆದುಹೋಗಿದ್ದರೆ ಜೋಡಿ ಮಾಡಿಕೊಡುವುದು ಸುಲಭವಲ್ಲ. ಮಣ್ಣು ಒಣಗಿ ಸುಡುವಷ್ಟರಲ್ಲಿ ಕುಗ್ಗುತ್ತದೆ, ಎಷ್ಟು ಕುಗ್ಗುತ್ತದೆ ಎಂಬುದು ಆ ಮಣ್ಣನ್ನು ಅವಲಂಬಿಸಿದೆ. ಅಚ್ಚು ಅದೇ ಇದ್ದರೂ ಬೇರೆ ಮಣ್ಣಿನ ಓಲೆ ಚಿಕ್ಕದೋ ದೊಡ್ಡದೋ ಆಗಿ ಕಿವಿಯಲ್ಲಿ ಎದ್ದು ಕಾಣುತ್ತದೆ. ಅದಕ್ಕಾಗಿ ಪ್ರತಿ ಸಲ ಸುಡುವಾಗಲೂ ಒಂದೊಂದು ಆಕಾರದಲ್ಲಿ ಎರಡು ಮೂರು ಬಿಡಿ ಬಿಲ್ಲೆ ಹೆಚ್ಚಿಗೆ ಸುಟ್ಟು, ತಿಂಗಳು-ವರ್ಷ ಬರೆದ ಚೀಟಿಯೊಂದಿಗೆ ಎತ್ತಿಡಿ. ಮಾರಾಟ ನಿಲ್ಲಿಸಿದ ವಿನ್ಯಾಸದ ಬಿಡಿ ಬಿಲ್ಲೆಗಳನ್ನೂ ಬಣ್ಣದ ಚೂರುಗಳನ್ನೂ ಕನಿಷ್ಠ ಎರಡು ವರ್ಷ ಬಿಸಾಡಬೇಡಿ.