ಹಸಿರು ಟೇಪಿನ ಮೇಜು, ಹಳದಿ ಟೇಪಿನ ಮೇಜು: ಕಚೇರಿಗೆ ಲ್ಯಾಪ್‌ಟಾಪ್ ಡಾಕ್ ಆರಿಸಿದ್ದು ಹೀಗೆ

ದಾವಣಗೆರೆಯ ಪಿ.ಜೆ. ಬಡಾವಣೆಯ ಒಂದು ತೆರಿಗೆ ಸಲಹಾ ಕಚೇರಿ. ಕೆಲಸ ಮಾಡುವವರು 17 ಮಂದಿ, ಮೇಜು 12. ದಿನವೂ ಐದಾರು ಜನ ಹರಿಹರ, ರಾಣೆಬೆನ್ನೂರು, ಚಿತ್ರದುರ್ಗದ ಕಡೆ ಲೆಕ್ಕ ನೋಡಲು ಹೋಗಿರುತ್ತಾರೆ. ಹಾಗಾಗಿ ಯಾರಿಗೂ ಖಾಯಂ ಜಾಗ ಬೇಡ, ಬಂದವರು ಖಾಲಿ ಇರುವ ಮೇಜಿಗೆ ಕೂರಲಿ ಎಂದು ತೀರ್ಮಾನವಾಗಿತ್ತು. ಕೂತು ಒಂದೇ ವೈರ್ ಚುಚ್ಚಿದರೆ ಎರಡು ಮಾನಿಟರ್, ಕೀಬೋರ್ಡ್, ಮೌಸ್, ಲ್ಯಾನ್ (ಕಚೇರಿಯ ವೈರ್ ನೆಟ್‌ವರ್ಕ್), ಚಾರ್ಜಿಂಗ್ ಎಲ್ಲವೂ ಬರಬೇಕು. ಅದಕ್ಕೆ ಬೇಕಾದ್ದು ಡಾಕ್.

ಅಂಗಡಿಗೆ ಹೋಗಿ ಡಾಕ್ ನೋಡುವುದಕ್ಕೆ ಮೊದಲು ನಾವು ಮಾಡಿದ್ದು ಲ್ಯಾಪ್‌ಟಾಪ್‌ಗಳ ಪಟ್ಟಿ. ಈ ಕೆಲಸದಲ್ಲಿ ದುಡ್ಡು ದಂಡವಾಗುವುದು ಬಹುಪಾಲು ಈ ಪಟ್ಟಿ ಇಲ್ಲದ್ದರಿಂದಲೇ. ಟೈಪ್-ಸಿ ಅಂದರೆ ತೂತಿನ ಆಕಾರದ ಹೆಸರು, ಅಷ್ಟೇ. ಆ ತೂತಿನೊಳಗಿಂದ ಚಿತ್ರ ಬರುತ್ತದೋ ಇಲ್ಲವೋ, ಚಾರ್ಜ್ ಆಗುತ್ತದೋ ಇಲ್ಲವೋ ಎಂಬುದು ಮಾಡೆಲ್‌ನಿಂದ ಮಾಡೆಲ್‌ಗೆ ಬೇರೆ. ಪೋರ್ಟ್ ಪಕ್ಕದಲ್ಲಿ ಡಿ ಮತ್ತು ಪಿ ಅಕ್ಷರ ಸೇರಿಸಿದಂಥ ಡಿಸ್‌ಪ್ಲೇಪೋರ್ಟ್ ಗುರುತು ಇದ್ದರೆ ಚಿತ್ರ ಬರುತ್ತದೆ. ಮಿಂಚಿನ ಗುರುತು ಇದ್ದರೆ ಥಂಡರ್‌ಬೋಲ್ಟ್, ಅಂದರೆ ಚಿತ್ರವನ್ನೂ ಡೇಟಾವನ್ನೂ ಇನ್ನೂ ಹೆಚ್ಚು ವೇಗದಲ್ಲಿ ಸಾಗಿಸುವ ಟೈಪ್-ಸಿ. ಬರೀ ಎಸ್‌ಎಸ್ ಅಂತಲೋ 5, 10 ಅಂತಲೋ ಇದ್ದರೆ ಅದು ಡೇಟಾ ವೇಗ, ಅದರಿಂದ ಚಿತ್ರದ ಭರವಸೆ ಸಿಗುವುದಿಲ್ಲ. ಯಾವ ಗುರುತೂ ಇಲ್ಲದ ಲ್ಯಾಪ್‌ಟಾಪ್‌ಗಳೂ ಬಹಳ ಇವೆ. ಅವಕ್ಕೆ ನಾವು ಎರಡು ವಸ್ತು ಹಿಡಿದು ಒಂದೊಂದಾಗಿ ಪರೀಕ್ಷಿಸಿದೆವು: ಒಂದು 65 ವ್ಯಾಟ್ ಟೈಪ್-ಸಿ ಚಾರ್ಜರ್, ಒಂದು ಟೈಪ್-ಸಿ ಇಂದ ಎಚ್‌ಡಿಎಂಐ ಕೇಬಲ್. ಲ್ಯಾಪ್‌ಟಾಪ್‌ಗೆ ಎರಡು ನಿಮಿಷ ಸಾಕು.

ಪಟ್ಟಿಯಲ್ಲಿ ಬಂದದ್ದು ಇಷ್ಟು. ಚಿತ್ರವೂ ಚಾರ್ಜೂ ಎರಡೂ ಟೈಪ್-ಸಿ ಮೂಲಕ ಬರುವವು 9. ಥಂಡರ್‌ಬೋಲ್ಟ್ 4 ಇರುವುದು 1. ಟೈಪ್-ಸಿ ಇದ್ದೂ ಡೇಟಾ ಮಾತ್ರ ಹೋಗುವವು 4. ಟೈಪ್-ಸಿ ಇಲ್ಲವೇ ಇಲ್ಲದ, ದುಂಡು ಪಿನ್ ಚಾರ್ಜರ್‌ನ ಹಳೆಯವು 2. ಎಂ1 ಚಿಪ್‌ನ ಮ್ಯಾಕ್‌ಬುಕ್ ಏರ್ 1.

ಈ 17ಕ್ಕೂ ಒಗ್ಗುವ ಒಂದೇ ಡಾಕ್ ಹುಡುಕಿದರೆ ಡಿಸ್‌ಪ್ಲೇಲಿಂಕ್ ಚಿಪ್ ಇರುವ ಡಾಕ್ ಸಿಗುತ್ತದೆ. ಅದರಲ್ಲಿ ಚಿತ್ರ ಗ್ರಾಫಿಕ್ಸ್ ಚಿಪ್‌ನಿಂದ ನೇರವಾಗಿ ಬರುವುದಿಲ್ಲ. ಲ್ಯಾಪ್‌ಟಾಪ್‌ನಲ್ಲಿ ಹಾಕಿದ ಡ್ರೈವರ್ ಎಂಬ ತಂತ್ರಾಂಶ ಪರದೆಯ ಚಿತ್ರದ ಗಾತ್ರವನ್ನು ಕುಗ್ಗಿಸಿ ಯುಎಸ್‌ಬಿ ಡೇಟಾದಂತೆ ಕಳಿಸುತ್ತದೆ, ಡಾಕ್ ಅದನ್ನು ಬಿಡಿಸಿ ಮಾನಿಟರ್‌ಗೆ ಕೊಡುತ್ತದೆ. ಹಾಗಾಗಿ ಚಿತ್ರ ಹೊರಡದ ಪೋರ್ಟಿನಲ್ಲೂ, ಹಳೆಯ ಯುಎಸ್‌ಬಿ-ಎ ಪೋರ್ಟಿನಲ್ಲೂ ಎರಡು ಮಾನಿಟರ್ ಓಡುತ್ತವೆ. ಟೈಪ್-ಸಿಯಿಂದ ಚಾರ್ಜ್ ಆಗದ ಆ ಆರಕ್ಕೆ ಅವುಗಳ ಚಾರ್ಜರ್ ಮಾತ್ರ ಬೇರೆ ಬೇಕು. ಎಂ1 ಮ್ಯಾಕ್ ತಾನಾಗಿ ಒಂದೇ ಹೊರ ಮಾನಿಟರ್ ನಡೆಸುತ್ತದೆ, ಡಿಸ್‌ಪ್ಲೇಲಿಂಕ್‌ನಲ್ಲಿ ಎರಡು ಬರುತ್ತವೆ. ಇದರ ಭಾರವನ್ನು ಪ್ರೊಸೆಸರ್ ಹೊರಬೇಕು. ಲೆಕ್ಕ ಬರೆಯುವ ತಂತ್ರಾಂಶ ಟ್ಯಾಲಿಗೆ, ಎಕ್ಸೆಲ್‌ಗೆ ಏನೂ ಗೊತ್ತಾಗುವುದಿಲ್ಲ, ಹಳೆಯ ಲ್ಯಾಪ್‌ಟಾಪ್‌ನಲ್ಲಿ ವಿಡಿಯೊ ಕಾಲ್ ಇದ್ದಾಗ ಫ್ಯಾನ್ ಕೂಗುತ್ತದೆ. ಮ್ಯಾಕ್‌ನಲ್ಲಿ ಪರದೆ ರೆಕಾರ್ಡ್ ಮಾಡುವ ಅನುಮತಿ ಕೊಡದಿದ್ದರೆ ಮಾನಿಟರ್ ಬೆಳಗುವುದೇ ಇಲ್ಲ.

ಎಲ್ಲ ಮೇಜಿಗೂ ಅದನ್ನೇ ಹಾಕಬಹುದಿತ್ತು. ಆದರೆ ಚೆನ್ನಾಗಿರುವ ಹತ್ತು ಲ್ಯಾಪ್‌ಟಾಪ್‌ಗಳನ್ನು ಉಳಿದ ಏಳಕ್ಕಾಗಿ ಡ್ರೈವರ್‌ಗೆ ಕಟ್ಟಿಹಾಕುವುದು ಸರಿಯೆನಿಸಲಿಲ್ಲ. ಡ್ರೈವರ್ ಇದ್ದಲ್ಲಿ ವಿಂಡೋಸ್ ಅಪ್‌ಡೇಟ್ ಬಂದಾಗಲೆಲ್ಲ ಒಂದು ಚಿಂತೆ ಇದ್ದೇ ಇರುತ್ತದೆ. ಆದ್ದರಿಂದ ಎಂಟು ಮೇಜಿಗೆ ಮಾಮೂಲು ಟೈಪ್-ಸಿ ಡಾಕ್, ನಾಲ್ಕಕ್ಕೆ ಡಿಸ್‌ಪ್ಲೇಲಿಂಕ್ ಡಾಕ್. ಮಾಮೂಲು ಡಾಕ್‌ನ ಕೇಬಲ್ ತುದಿಗೆ ಹಸಿರು ಟೇಪ್, ಡಿಸ್‌ಪ್ಲೇಲಿಂಕ್‌ನದಕ್ಕೆ ಹಳದಿ ಟೇಪ್. ಅದೇ ಬಣ್ಣದ ಚುಕ್ಕೆ ಲ್ಯಾಪ್‌ಟಾಪ್ ಮುಚ್ಚಳದ ಮೇಲೂ. ಹಸಿರು ಮೇಜು ತುಂಬಿದ ದಿನ ಹಸಿರಿನವರೂ ಹಳದಿಗೆ ಕೂರಬಹುದು, ಹಳದಿಯವರು ಹಸಿರಿಗೆ ಕೂತರೆ ಕೆಲಸ ಆಗುವುದಿಲ್ಲ. ಅದಕ್ಕೇ ಡ್ರೈವರ್ ಮಾತ್ರ 17ಕ್ಕೂ ಮೊದಲೇ ಹಾಕಿಟ್ಟೆವು, ಅದನ್ನು ಹಾಕಲು ಅಡ್ಮಿನ್ ಪಾಸ್‌ವರ್ಡ್ ಬೇಕು, ಬೆಳಿಗ್ಗೆ ಹತ್ತು ಗಂಟೆಗೆ ಅದನ್ನು ಹುಡುಕುತ್ತ ಕೂರಲಾಗದು. ಹಳೆಯ ಲ್ಯಾಪ್‌ಟಾಪ್‌ಗಳು ಬದಲಾದಂತೆ ಹಳದಿ ಮೇಜು ಕಡಿಮೆಯಾಗುತ್ತವೆ.

ಥಂಡರ್‌ಬೋಲ್ಟ್ ಡಾಕ್ ಬೇಡವೆಂದದ್ದಕ್ಕೆ ಕಾರಣ ಸರಳ. ಅದರ 40 ಗಿಗಾಬಿಟ್ ವೇಗ ಸಿಗುವುದು ಥಂಡರ್‌ಬೋಲ್ಟ್ ಅಥವಾ ಯುಎಸ್‌ಬಿ4 ಇರುವ ಲ್ಯಾಪ್‌ಟಾಪ್‌ಗೆ. ನಮ್ಮಲ್ಲಿ ಅಂಥದ್ದು ಒಂದು. ಬೆಲೆಯೋ ಎರಡು ಮೂರು ಪಟ್ಟು. ಆ ಒಂದು ಲ್ಯಾಪ್‌ಟಾಪ್ ಮಾಮೂಲು ಟೈಪ್-ಸಿ ಡಾಕ್‌ನಲ್ಲಿ ಏನೂ ತೊಂದರೆಯಿಲ್ಲದೆ ಓಡುತ್ತದೆ.

ಈಗ ಮಾನಿಟರ್ ಲೆಕ್ಕ. ಡಬ್ಬದ ಮೇಲಿನ '4ಕೆ' ಎಂಬ ಅಕ್ಷರ ನೋಡಿ ಮೋಸ ಹೋಗುವುದು ಇಲ್ಲೇ. ಟೈಪ್-ಸಿ ಪೋರ್ಟಿನಲ್ಲಿ ವೇಗದ ದಾರಿಗಳು ನಾಲ್ಕು. ಸಾಮಾನ್ಯ ಡಾಕ್‌ನಲ್ಲಿ ಎರಡು ಚಿತ್ರಕ್ಕೆ, ಎರಡು ಯುಎಸ್‌ಬಿಗೆ. ಡಿಸ್‌ಪ್ಲೇಪೋರ್ಟ್ 1.2 ಮಟ್ಟದ ಲ್ಯಾಪ್‌ಟಾಪ್‌ನಲ್ಲಿ ಚಿತ್ರದ ಎರಡು ದಾರಿಯಿಂದ ಕೈಗೆ ಸಿಗುವುದು ಸೆಕೆಂಡಿಗೆ 8.64 ಗಿಗಾಬಿಟ್. 1920×1080 ಮಾನಿಟರ್ ಒಂದಕ್ಕೆ 60 ಹರ್ಟ್ಸ್‌ನಲ್ಲಿ (ಸೆಕೆಂಡಿಗೆ 60 ಸಲ ಚಿತ್ರ ಬದಲಾಗುವಂತೆ) ಸುಮಾರು 3.3 ಬೇಕು, ಎರಡಕ್ಕೆ 6.6, ಆರಾಮಾಗಿ ಹಿಡಿಸುತ್ತದೆ. 2560×1440 ಆದರೆ ಒಂದಕ್ಕೇ 5.8, ಎರಡು ಹಿಡಿಸುವುದಿಲ್ಲ. 4ಕೆ ಒಂದಕ್ಕೆ 12ಕ್ಕೂ ಹೆಚ್ಚು, ಅದು 30 ಹರ್ಟ್ಸ್‌ಗೆ ಇಳಿಯುತ್ತದೆ, ಮೌಸ್ ಬಾಣ ಎಳೆದೆಳೆದು ಹೋಗುತ್ತದೆ. ಡಿಸ್‌ಪ್ಲೇಪೋರ್ಟ್ 1.4ರ ವೇಗ ಲ್ಯಾಪ್‌ಟಾಪ್, ಡಾಕ್ ಎರಡರಲ್ಲೂ ಇದ್ದರೆ 12.96 ಸಿಗುತ್ತದೆ. ಒಂದರಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಲೆಕ್ಕ ಕಡಿಮೆಯದಕ್ಕೇ ಇಳಿಯುತ್ತದೆ.

ಕೆಲವು ಅಗ್ಗದ ಡಾಕ್‌ಗಳು ನಾಲ್ಕೂ ದಾರಿಯನ್ನು ಚಿತ್ರಕ್ಕೆ ಕೊಟ್ಟು 4ಕೆ 60 ಹರ್ಟ್ಸ್ ತೋರಿಸುತ್ತವೆ. ಆಗ ಯುಎಸ್‌ಬಿಗೆ ಉಳಿಯುವುದು ಹಳೆಯ 2.0ರ ಜೋಡಿ ತಂತಿ, 480 ಮೆಗಾಬಿಟ್. ಗಿಗಾಬಿಟ್ ಲ್ಯಾನ್ ಅಂತ ಬರೆದಿರುವ ಪೋರ್ಟ್ ಅದರ ಮೇಲೆಯೇ ಕೂತಿರುತ್ತದೆ. ಸರ್ವರ್‌ನಿಂದ ದೊಡ್ಡ ಫೈಲ್ ಕಾಪಿ ಮಾಡಿ ನೋಡಿದರೆ ಸೆಕೆಂಡಿಗೆ 100 ಮೆಗಾಬೈಟ್ ಮೀರಬೇಕಾದದ್ದು 30-40ಕ್ಕೆ ನಿಲ್ಲುತ್ತದೆ. ಲೆಕ್ಕಪತ್ರದ ಕಚೇರಿಗೆ 4ಕೆ ಬೇಕಿಲ್ಲ, ಲ್ಯಾನ್ ಬೇಕು. ನಾವು 24 ಇಂಚಿನ 1080 ಮಾನಿಟರ್ ಎರಡಕ್ಕೇ ನಿಂತೆವು. ಮ್ಯಾಕ್ ಬಳಸುವವರು ಇನ್ನೊಂದನ್ನು ತಿಳಿದಿರಬೇಕು: ಒಂದು ಟೈಪ್-ಸಿಯಿಂದ ಎರಡು ಚಿತ್ರ ಕವಲೊಡೆಸುವ ಎಂಎಸ್‌ಟಿ ವಿಧಾನ ವಿಂಡೋಸ್‌ನಲ್ಲಿ ನಡೆಯುತ್ತದೆ. ಮ್ಯಾಕ್ ಅದೇ ಡಾಕ್‌ನ ಎರಡೂ ಮಾನಿಟರ್‌ನಲ್ಲಿ ಒಂದೇ ಚಿತ್ರ ತೋರಿಸುತ್ತದೆ. ಡಾಕ್ ಕೆಟ್ಟಿಲ್ಲ, ಮ್ಯಾಕ್ ಇರುವುದೇ ಹಾಗೆ.

ಒಂದೇ ಮಾನಿಟರ್ ಸಾಕು ಅನ್ನುವ ಕಚೇರಿಗೆ ಡಾಕ್ ಬೇಕೇ ಬೇಕೆಂದೇನಿಲ್ಲ. 65 ವ್ಯಾಟ್ ಚಾರ್ಜಿಂಗ್, ಲ್ಯಾನ್ ಪೋರ್ಟ್ ಎರಡೂ ಇರುವ ಟೈಪ್-ಸಿ ಮಾನಿಟರ್‌ಗಳು ಸಿಗುತ್ತವೆ. ಮೇಜಿನ ಮೇಲೆ ಒಂದು ಡಬ್ಬ, ಒಂದು ಅಡಾಪ್ಟರ್ ಕಡಿಮೆಯಾಗುತ್ತದೆ.

ಚಾರ್ಜಿಂಗ್‌ಗೆ ಬರೋಣ. ಲ್ಯಾಪ್‌ಟಾಪ್ ಜೊತೆ ಬಂದ ಚಾರ್ಜರ್ ಚೀಟಿಯಲ್ಲಿ 20 ವೋಲ್ಟ್, 3.25 ಆಂಪಿಯರ್ ಅಂತಿದ್ದರೆ ಅದು 65 ವ್ಯಾಟ್. ಡಾಕ್ ಲ್ಯಾಪ್‌ಟಾಪ್‌ಗೆ ಕೊಡುವುದು ಅಷ್ಟಾದರೂ ಇರಬೇಕು. ಡಾಕ್‌ನ ಅಡಾಪ್ಟರ್ 100 ವ್ಯಾಟ್ ಇದ್ದ ಮಾತ್ರಕ್ಕೆ ಲ್ಯಾಪ್‌ಟಾಪ್‌ಗೆ 100 ಬರುವುದಿಲ್ಲ, ತನ್ನ ಖರ್ಚಿಗೆ 10-15 ಇಟ್ಟುಕೊಳ್ಳುತ್ತದೆ. ಬ್ರ್ಯಾಂಡ್ ಮೇಲೂ ಲೆಕ್ಕ ಬದಲಾಗುತ್ತದೆ: ಡೆಲ್‌ನ ಡಬ್ಲ್ಯೂಡಿ19ಎಸ್, 180 ವ್ಯಾಟ್ ಅಡಾಪ್ಟರ್ ಜೊತೆ, ಡೆಲ್ ಲ್ಯಾಪ್‌ಟಾಪ್‌ಗೆ 130 ವ್ಯಾಟ್ ಕೊಡುತ್ತದೆ, ಬೇರೆ ಕಂಪನಿಯದಕ್ಕೆ 90. ಅಡಾಪ್ಟರ್ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತು, ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇದೆಯೇ ನೋಡಿ. ಮೂರು ಪಿನ್ ಇರಲಿ, ಮೂರನೆಯ ಪಿನ್‌ಗೆ ನಿಜವಾದ ಅರ್ಥಿಂಗ್ ಇರಲಿ. ಅರ್ಥಿಂಗ್ ಇಲ್ಲದ ಹಳೆಯ ಕಟ್ಟಡಗಳಲ್ಲಿ ಲೋಹದ ಲ್ಯಾಪ್‌ಟಾಪ್ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ.

ಡಾಕ್ ಆರಿಸುವಾಗ ನಮ್ಮ ಊರಲ್ಲಿ ಬಹಳ ಜನ ಬಿಟ್ಟುಬಿಡುವ ವಿಷಯ ಕರೆಂಟ್ ಹೋಗುವುದು. ಲ್ಯಾಪ್‌ಟಾಪ್‌ಗೆ ಬ್ಯಾಟರಿ ಇದೆ, ಯುಪಿಎಸ್ ಯಾಕೆ ಅನ್ನುತ್ತಾರೆ. ಲ್ಯಾಪ್‌ಟಾಪ್ ಆರುವುದಿಲ್ಲ, ನಿಜ. ಆದರೆ ಡಾಕ್ ಆರುತ್ತದೆ, ಅದರ ಜೊತೆ ಲ್ಯಾನ್ ಕಡಿಯುತ್ತದೆ. ಸರ್ವರ್‌ನ ಹಂಚಿದ ಫೋಲ್ಡರ್‌ನಲ್ಲಿ ಟ್ಯಾಲಿ ಕಂಪನಿ ತೆರೆದಿದ್ದರೆ ಆ ಕ್ಷಣಕ್ಕೆ ಸಂಪರ್ಕ ತಪ್ಪಿ ಎರರ್ ಬರುತ್ತದೆ, ನಮೂದಿಸುತ್ತಿದ್ದ ವೋಚರ್ ಹೋಗುತ್ತದೆ, ಗ್ರಹಚಾರ ಕೆಟ್ಟಿದ್ದರೆ ಡೇಟಾವೇ ಕೆಡುತ್ತದೆ. ಆದ್ದರಿಂದ ಮಾನಿಟರ್ ಯುಪಿಎಸ್ ಮೇಲೆ ಇಲ್ಲದಿದ್ದರೂ ನಡೆದೀತು, ಡಾಕ್ ಮತ್ತು ಲ್ಯಾನ್ ಸ್ವಿಚ್ ಇರಲೇಬೇಕು. ಒಂದು ಡಾಕ್‌ಗೆ ಲ್ಯಾಪ್‌ಟಾಪ್ ಚಾರ್ಜ್ ಸೇರಿ ಹೆಚ್ಚೆಂದರೆ 75 ವ್ಯಾಟ್ ಹಿಡಿದೆವು. ನಾಲ್ಕಕ್ಕೆ 300. 600 ವಿಎ ಯುಪಿಎಸ್ ಅಂದರೆ ಸುಮಾರು 360 ವ್ಯಾಟ್, ನಾಲ್ಕು ಮೇಜಿಗೆ ಒಂದರಂತೆ ಮೂರು ತಂದೆವು. ಆ ಭಾರಕ್ಕೆ ನಿಲ್ಲುವುದು ಕೆಲವೇ ನಿಮಿಷ, ಅಷ್ಟರಲ್ಲಿ ಜನರೇಟರ್ ಹಿಡಿಯುತ್ತದೆ. ಬರೀ ಇನ್‌ವರ್ಟರ್ ಇರುವ ಕಚೇರಿಯಲ್ಲಿ ಅದರ ಹಿಂದಿನ ಸ್ವಿಚ್ ಯುಪಿಎಸ್ ಮೋಡ್‌ನಲ್ಲಿರಬೇಕು. ಇಲ್ಲದಿದ್ದರೆ ಬದಲಾಗುವ ಆ ಕಣ್ಣುರೆಪ್ಪೆಯಷ್ಟು ಹೊತ್ತಿಗೇ ಡಾಕ್ ಆರಿ ಹತ್ತುತ್ತದೆ.

ಇದೇ ಕಾರಣಕ್ಕೆ ಮೇಜು ಬಿಟ್ಟು ಏಳುವಾಗಲೂ ಒಂದು ಕ್ರಮ ಬೇಕು. ಲ್ಯಾನ್‌ನಿಂದ ವೈಫೈಗೆ ಜಿಗಿಯುವಾಗಲೂ ಸಂಪರ್ಕ ತಪ್ಪುತ್ತದೆ. ಮೊದಲು ಟ್ಯಾಲಿ ಮುಚ್ಚಿ, ಆಮೇಲೆ ವೈರ್ ಕೀಳಿ ಎಂದು ಪ್ರತಿ ಮೇಜಿನ ಮೇಲೂ ಬರೆದು ಅಂಟಿಸಿದ್ದೇವೆ.

ಕೇಬಲ್ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಯಾಕೆಂದರೆ 'ಡಾಕ್ ಕೆಟ್ಟಿದೆ' ಎಂದು ಬರುವ ದೂರಿನ ಬುಡ ಮುಕ್ಕಾಲು ಪಾಲು ಅಲ್ಲೇ ಇರುತ್ತದೆ. ಮೊಬೈಲ್ ಚಾರ್ಜ್ ಮಾಡುವ ಟೈಪ್-ಸಿ ಕೇಬಲ್ ನೋಡಲು ಹಾಗೇ ಇರುತ್ತದೆ, ಒಳಗೆ ವೇಗದ ತಂತಿಗಳೇ ಇರುವುದಿಲ್ಲ. ಅದನ್ನು ಡಾಕ್‌ಗೆ ಹಾಕಿದರೆ ಚಾರ್ಜ್ ಆಗುತ್ತದೆ, ಕೀಬೋರ್ಡ್ ಕೆಲಸ ಮಾಡುತ್ತದೆ, ಮಾನಿಟರ್ ಮಾತ್ರ ಕಪ್ಪು. ಹಾಗೆಯೇ 60 ವ್ಯಾಟ್‌ಗಿಂತ ಮೇಲೆ ಹೋಗಲು 5 ಆಂಪಿಯರ್ ಕೇಬಲ್ ಬೇಕು. ಅದರ ತುದಿಯಲ್ಲಿ ತನ್ನ ಶಕ್ತಿ ಎಷ್ಟೆಂದು ಹೇಳುವ ಸಣ್ಣ ಚಿಪ್ ಇರುತ್ತದೆ. ಅದಿಲ್ಲದ ಕೇಬಲ್ 3 ಆಂಪಿಯರ್‌ಗೆ ನಿಲ್ಲುತ್ತದೆ, ವಿಂಡೋಸ್ ನಿಧಾನ ಚಾರ್ಜರ್ ಎಂದು ಎಚ್ಚರಿಸುತ್ತದೆ. 10 ಗಿಗಾಬಿಟ್‌ಗೆ ಉದ್ದ 1 ಮೀಟರ್ ದಾಟಬಾರದು. ಮೇಜು ದೊಡ್ಡದಿದ್ದರೆ ಡಾಕ್ ಅನ್ನು ಹತ್ತಿರ ತನ್ನಿ, ನಡುವೆ ಎಕ್ಸ್‌ಟೆನ್ಷನ್ ಹಾಕಬೇಡಿ.

ಡಾಕ್‌ಗೇ ಕೂಡಿಕೊಂಡ ಕೇಬಲ್ ಒಳ್ಳೆಯದೋ, ಕಳಚುವುದು ಒಳ್ಳೆಯದೋ? ಕೂಡಿದ್ದನ್ನು ಯಾರೂ ಒಯ್ಯಲಾರರು. ಆದರೆ ಹತ್ತಾರು ಕೈ ದಿನಾ ಕಿತ್ತು ಚುಚ್ಚುವ ಮೇಜಿನಲ್ಲಿ ಮೊದಲು ಸವೆಯುವುದೇ ಆ ತುದಿ, ಆಗ ಇಡೀ ಡಾಕ್ ಬಿಸಾಡಬೇಕಾಗುತ್ತದೆ. ನಾವು ಕಳಚುವುದನ್ನೇ ಕೊಂಡು, ಡಾಕ್ ಕಡೆಯ ತುದಿಯನ್ನು ಝಿಪ್ ಟೈ ಹಾಕಿ ಬಿಗಿದೆವು. 12 ಡಾಕ್‌ಗೆ 3 ಕೇಬಲ್ ಹೆಚ್ಚಿಗೆ ತಂದಿಟ್ಟಿದ್ದೇವೆ.

ಲ್ಯಾನ್‌ನಲ್ಲಿ ಒಂದು ತೊಡಕು ಹೀಗೆ ಮೇಜು ಬದಲಿಸಿ ಕೂರುವ ಕಚೇರಿಗೇ ಬರುವಂಥದ್ದು. ಪ್ರತಿ ಲ್ಯಾನ್ ಪೋರ್ಟಿಗೂ ಒಂದು ಗುರುತಿನ ಸಂಖ್ಯೆ ಇರುತ್ತದೆ, ಅದಕ್ಕೆ ಮ್ಯಾಕ್ (MAC) ವಿಳಾಸ ಅನ್ನುತ್ತಾರೆ, ಆಪಲ್‌ನ ಮ್ಯಾಕ್‌ಗೂ ಇದಕ್ಕೂ ಸಂಬಂಧವಿಲ್ಲ. ನೆಟ್‌ವರ್ಕ್‌ಗೆ ಕಾಣುವ ಆ ವಿಳಾಸ ಡಾಕ್‌ನದು, ಲ್ಯಾಪ್‌ಟಾಪ್‌ನದಲ್ಲ. ರೂಟರ್‌ನಲ್ಲಿ ವಿಳಾಸ ನೋಡಿ ಅನುಮತಿ ಕೊಡುವ ಪದ್ಧತಿ ಇದ್ದರೆ, ಡಾಕ್‌ಗೆ ಅನುಮತಿ ಕೊಟ್ಟಂತೆ ಅದಕ್ಕೆ ಚುಚ್ಚಿದ ಯಾವ ಲ್ಯಾಪ್‌ಟಾಪ್‌ಗೂ ಬಾಗಿಲು ತೆರೆದಂತೆ. ಲ್ಯಾಪ್‌ಟಾಪ್‌ನ ವಿಳಾಸವನ್ನೇ ದಾಟಿಸುವ ಸೌಲಭ್ಯ ಡೆಲ್, ಎಚ್‌ಪಿ, ಲೆನೊವೊ ಡಾಕ್‌ಗಳಲ್ಲಿ ಉಂಟು, ಅದು ಸಾಮಾನ್ಯವಾಗಿ ಅದೇ ಕಂಪನಿಯ ಲ್ಯಾಪ್‌ಟಾಪ್‌ಗೆ ಮಾತ್ರ. ನಮ್ಮಲ್ಲಿ ನಾಲ್ಕು ಕಂಪನಿಯವು ಇರುವುದರಿಂದ ವಿಳಾಸದ ಮೇಲಿನ ನಂಬಿಕೆ ಬಿಟ್ಟು, ಸರ್ವರ್ ಫೋಲ್ಡರ್‌ಗೆ ಪ್ರತಿಯೊಬ್ಬರ ಹೆಸರು, ಪಾಸ್‌ವರ್ಡ್ ಮೇಲೆ ಅನುಮತಿ ಕೊಟ್ಟೆವು.

ಡಿಜಿಟಲ್ ಸಹಿಯ ಟೋಕನ್ (ಸಹಿಯನ್ನು ಹೊತ್ತ ಪುಟ್ಟ ಯುಎಸ್‌ಬಿ ಕಡ್ಡಿ) ಇಲ್ಲದೆ ತೆರಿಗೆ ಕಚೇರಿ ಇಲ್ಲ. ಡಾಕ್‌ನ ಮುಂಭಾಗದಲ್ಲಿ ಒಂದಾದರೂ ಯುಎಸ್‌ಬಿ-ಎ ಪೋರ್ಟ್ ಖಾಲಿ ಇರುವಂತೆ ನೋಡಿ, ಟೋಕನ್ ಅಲ್ಲೇ ಕೂರಲಿ. ಹಿಂಬದಿಗೆ ಹಾಕಿದ ಟೋಕನ್ ಮರೆತು ಹೋಗುತ್ತದೆ, ಹಂಚಿದ ಮೇಜಿನಲ್ಲಿ ಸಹಿ ಬಿಟ್ಟು ಹೋಗುವುದು ಸಣ್ಣ ತಪ್ಪಲ್ಲ. ವೈರ್‌ಲೆಸ್ ಮೌಸ್‌ನ ಪುಟ್ಟ ರಿಸೀವರ್ ಯುಎಸ್‌ಬಿ 3 ಪೋರ್ಟ್ ಪಕ್ಕ ಇದ್ದರೆ ಮೌಸ್ ತಡವರಿಸುತ್ತದೆ, ಯುಎಸ್‌ಬಿ 3ರಿಂದ ಹೊಮ್ಮುವ ರೇಡಿಯೊ ಅಡಚಣೆ ಮೌಸ್ ಬಳಸುವ 2.4 ಗಿಗಾಹರ್ಟ್ಸ್‌ನಲ್ಲೇ ಬೀಳುವುದು ಇದಕ್ಕೆ ಕಾರಣ. ವೈರ್ ಇರುವ ಮೌಸ್ ತಂದೆವು, ಸೆಲ್ ಬದಲಿಸುವ ಕೆಲಸವೂ ಉಳಿಯಿತು.

ಬೇಸಿಗೆಯಲ್ಲಿ ಇಲ್ಲಿ 38-40 ಡಿಗ್ರಿ. ಡಾಕ್ ಚಾರ್ಜ್ ಕೊಡುತ್ತ ತಾನೂ ಬಿಸಿಯಾಗುತ್ತದೆ. ಮೇಜಿನ ಕೆಳಗೆ ಡಬಲ್ ಟೇಪ್‌ನಲ್ಲಿ ಅಂಟಿಸಿದರೆ ಅಂಟು ಕರಗಿ ಬೀಳುತ್ತದೆ, ಸ್ಕ್ರೂ ಹಾಕುವ ಬ್ರಾಕೆಟ್ ಬೇಕು, ಸುತ್ತ ಎರಡು ಬೆರಳಷ್ಟು ಜಾಗವಿರಲಿ. ಅಕ್ಕಿ ಗಿರಣಿ, ಮಂಡಕ್ಕಿ ಭಟ್ಟಿ ಹತ್ತಿರದ ಕಚೇರಿಗಳು ಫ್ಯಾನ್ ಇಲ್ಲದ ಡಾಕ್ ಆರಿಸಿಕೊಳ್ಳಲಿ. ಅಲ್ಲಿನ ಹೊಟ್ಟಿನ ಧೂಳು ಫ್ಯಾನನ್ನು ಬೇಗ ಕಟ್ಟಿಹಾಕುತ್ತದೆ.

ಹನ್ನೆರಡನ್ನೂ ಒಟ್ಟಿಗೆ ಕೊಳ್ಳಲಿಲ್ಲ. ಎರಡೂ ಬಗೆಯದು ಒಂದೊಂದು ತಂದು, ಪ್ರತಿ ಲ್ಯಾಪ್‌ಟಾಪ್ ಚುಚ್ಚಿ ನೋಡಿದೆವು. ಎರಡೂ ಮಾನಿಟರ್‌ನಲ್ಲಿ ಬೇರೆ ಬೇರೆ ಚಿತ್ರ, 60 ಹರ್ಟ್ಸ್. ಲ್ಯಾನ್ ವೇಗ 1000 ಮೆಗಾಬಿಟ್. ಟೋಕನ್‌ನಿಂದ ಒಂದು ನಿಜವಾದ ಸಹಿ. ಒಂದು ಗಂಟೆ ಕೆಲಸದ ನಂತರ ಬ್ಯಾಟರಿ ಶೇಕಡಾವಾರು ಇಳಿಯದಿರುವುದು. ಮುಚ್ಚಳ ಮುಚ್ಚಿ ತೆರೆದು ಐದು ಸಲ ನಿದ್ದೆಯಿಂದ ಎಬ್ಬಿಸುವುದು. ಕೊನೆಗೆ ಮೇನ್ ಸ್ವಿಚ್ ಆಫ್ ಮಾಡಿ ಟ್ಯಾಲಿ ನಿಂತಿದೆಯೇ ನೋಡುವುದು. ಎಚ್ಚರವಾಗದ ಎರಡು ಲ್ಯಾಪ್‌ಟಾಪ್‌ಗಳು ಬಯೋಸ್ ಮತ್ತು ಡಾಕ್ ಫರ್ಮ್‌ವೇರ್ (ಲ್ಯಾಪ್‌ಟಾಪ್, ಡಾಕ್ ಒಳಗೇ ಇರುವ ಮೂಲ ತಂತ್ರಾಂಶಗಳು) ಅಪ್‌ಡೇಟ್ ಆದಮೇಲೆ ಸರಿಹೋದವು. ಡಾಕ್‌ನಲ್ಲಿ ಇಟ್ಟು ಆನ್ ಮಾಡಿದಾಗ ವಿಂಡೋಸ್‌ನ ಡಿಸ್ಕ್ ಬೀಗ ಬಿಟ್‌ಲಾಕರ್ ತನ್ನ ರಿಕವರಿ ಕೀ ಕೇಳುವುದೂ ಉಂಟು. ಪರೀಕ್ಷೆಗೆ ಮೊದಲೇ 17ರ ಕೀಗಳನ್ನೂ ತೆಗೆದಿಟ್ಟುಕೊಳ್ಳಿ.

ಅಳವಡಿಸುವ ದಿನವನ್ನೂ ಲೆಕ್ಕ ಹಾಕಿ ಇಟ್ಟುಕೊಂಡೆವು. ತಿಂಗಳ 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ ಎಂಬ ಜಿಎಸ್‌ಟಿ ರಿಟರ್ನ್‌ಗಳ ಗಡುವು. 21ರ ನಂತರದ ಶನಿವಾರ ಆರು ಮೇಜು, ಮುಂದಿನ ಶನಿವಾರ ಉಳಿದ ಆರು. ಹದಿಮೂರನೆಯ ಡಾಕ್ ಒಂದು ಡಿಸ್‌ಪ್ಲೇಲಿಂಕ್‌ನದೇ ಬೀರುವಿನಲ್ಲಿದೆ, ಯಾವ ಮೇಜಿನದು ಕೆಟ್ಟರೂ ಅದು ಅಲ್ಲಿ ನಡೆಯುತ್ತದೆ, ಬೆಂಗಳೂರಿನಿಂದ ವಾರಂಟಿ ಬದಲಿ ಬರುವವರೆಗೆ.