ಹಳೆ ಸಿಪಿಯು ಮಾರುವ ಮುಂಚೆ ನಾನೇ ಕಳ್ಳನಾಗಿ ಹುಡುಕಿದೆ

ದಾವಣಗೆರೆಯ ವಿದ್ಯಾನಗರದ ಕಡೆ ನಂದೊಂದು ಸಣ್ಣ ಡಿಟಿಪಿ ಮತ್ತು ಜೆರಾಕ್ಸ್ ಅಂಗಡಿ. ಲಗ್ನಪತ್ರಿಕೆ, ಬಯೋಡೇಟಾ, ಪಾಸ್‌ಪೋರ್ಟ್ ಸೈಜಿನ ಫೋಟೊ, ಆಧಾರ್ ಕಾರ್ಡಿನ ಎರಡೂ ಬದಿ ಒಂದೇ ಹಾಳೆಯಲ್ಲಿ. ಇದೇ ನನ್ನ ದಿನದ ಕೆಲಸ. ಎಷ್ಟು ಜನರ ಹೆಸರು, ಹುಟ್ಟಿದ ತಾರೀಕು, ಮನೆ ವಿಳಾಸ ನನ್ನ ಕಂಪ್ಯೂಟರ್ ಹೊಟ್ಟೆಗೆ ಹೋಗುತ್ತವೆ ಎಂದು ಬಹಳ ವರ್ಷ ನಾನು ಯೋಚನೆಯನ್ನೇ ಮಾಡಿರಲಿಲ್ಲ.

ಯೋಚನೆ ಹಚ್ಚಿದವನು ಒಬ್ಬ ಹುಡುಗ. 2015ರಲ್ಲಿ ಅಂಗಡಿಯ ಒಂದು ಹಳೆ ಸಿಪಿಯುವನ್ನು ನಿಟುವಳ್ಳಿಯ ಒಂದು ಮನೆಗೆ ಮಾರಿದ್ದೆ. ಫಾರ್ಮ್ಯಾಟ್ ಮಾಡಿಯೇ ಕೊಟ್ಟಿದ್ದೆ. ಎರಡು ತಿಂಗಳಾದ ಮೇಲೆ ಆ ಮನೆಯ ಡಿಪ್ಲೊಮಾ ಓದುವ ಹುಡುಗ ಅಂಗಡಿಗೆ ಬಂದ. ಗಿರಾಕಿಗಳು ಹೋಗುವವರೆಗೂ ಪಕ್ಕದಲ್ಲಿ ನಿಂತಿದ್ದು, ಆಮೇಲೆ ಒಂದು ಪೆನ್‌ಡ್ರೈವ್ ತೆಗೆದ.

"ಅಣ್ಣಾ, ಸಿಟ್ಟು ಮಾಡ್ಕೋಬ್ಯಾಡ್ರಿ. ನನ್ನ ಪ್ರಾಜೆಕ್ಟ್ ಡಿಲೀಟ್ ಆಗಿತ್ತು ಅಂತ ರಿಕವರಿ ಸಾಫ್ಟ್‌ವೇರ್ ಹಾಕಿದ್ದೆ. ನಂದು ಬರಲಿಲ್ಲ. ನಿಮ್ಮ ಅಂಗಡಿಯವು ಬಂದಾವ್ರಿ."

ತೆರೆದು ನೋಡಿದೆ. ಯಾರದೋ ನಿಶ್ಚಿತಾರ್ಥದ ಫೋಟೊಗಳು, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್‌ಗಳು, ರೇಷನ್ ಕಾರ್ಡ್, ಜೊತೆಗೆ ನನ್ನದೇ ಬ್ಯಾಂಕ್ ಪಾಸ್‌ಬುಕ್ಕಿನ ಸ್ಕ್ಯಾನ್. ಕಾಪಿ ಇಟ್ಟುಕೊಂಡಿಲ್ಲ ಎಂದು ಹುಡುಗ ತಾನಾಗಿಯೇ ಹೇಳಿ, ಪೆನ್‌ಡ್ರೈವ್ ಬಿಟ್ಟು ಹೋದ. ನಂಬಿದೆ. ನಂಬದೆ ಬೇರೆ ದಾರಿಯೂ ಇರಲಿಲ್ಲ.

ಅಲ್ಲಿಂದ ಮುಂದೆ ಹತ್ತು ವರ್ಷ ಒಂದು ಕಂಪ್ಯೂಟರನ್ನೂ ಮಾರಲಿಲ್ಲ. ಕೆಟ್ಟಿದ್ದು, ಹಳೆಯದು ಎಲ್ಲವೂ ಅಟ್ಟದ ಮೇಲೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಸಪೋರ್ಟ್ ನಿಂತಿತು. ಅಂಗಡಿಯ ಡೆಸ್ಕ್‌ಟಾಪ್ ವಿಂಡೋಸ್ 11ಕ್ಕೆ ಒಗ್ಗುವಷ್ಟು ಹೊಸದಲ್ಲ, ನನ್ನ ಲ್ಯಾಪ್‌ಟಾಪೂ ಅಲ್ಲ. ಅಟ್ಟದಲ್ಲಿ ಜಾಗ ಇಲ್ಲ ಎಂದು ಮನೆಯವಳು ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದಳು. ಮಾರಲೇಬೇಕಾಯಿತು.

ಈ ಸಲ ಒಂದು ನಿಯಮ ಹಾಕಿಕೊಂಡೆ. ಅಳಿಸಿದ ಮೇಲೆ ಆ ಹುಡುಗ ಮಾಡಿದ್ದನ್ನು ನಾನೇ ಮಾಡಿ ನೋಡಬೇಕು. ನನ್ನ ಕೈಗೆ ಏನಾದರೂ ಸಿಕ್ಕರೆ ಮಾರಾಟ ಇಲ್ಲ.

ಮೊದಲು ಬೇಕಾದ್ದನ್ನು ಎತ್ತಿಟ್ಟುಕೊಳ್ಳುವ ಕೆಲಸ. ಹತ್ತು ವರ್ಷದ ಲಗ್ನಪತ್ರಿಕೆ ಡಿಸೈನುಗಳು, ಪೇಜ್‌ಮೇಕರ್ ಫೈಲುಗಳು, ನುಡಿ ಮತ್ತು ಬರಹ ಫಾಂಟುಗಳು. ಫಾಂಟ್ ಬಿಟ್ಟು ಬರೀ ಫೈಲ್ ಕಾಪಿ ಮಾಡಿದರೆ ಆಮೇಲೆ ತೆರೆದಾಗ ಕನ್ನಡದ ಜಾಗದಲ್ಲಿ ಚಿತ್ರವಿಚಿತ್ರ ಅಕ್ಷರ ಕುಣಿಯುತ್ತವೆ, ಡಿಟಿಪಿಯವರಿಗೆಲ್ಲ ಗೊತ್ತಿರುವ ಸಂಕಟ ಅದು. ಎಕ್ಸ್‌ಟರ್ನಲ್ ಡಿಸ್ಕಿಗೆ ಹಾಕಿ, ಹೊಸ ಕಂಪ್ಯೂಟರಿನಲ್ಲಿ ಹತ್ತಾರು ಫೈಲ್ ತೆರೆದು, ಒಂದೆರಡು ಪ್ರಿಂಟ್ ಕೂಡ ತೆಗೆದು ನೋಡಿದೆ. ಬ್ರೌಸರಿನಿಂದ ಸೈನ್ ಔಟ್ ಆದೆ. ಫೋನಿನಲ್ಲಿ ವಾಟ್ಸಾಪ್ ತೆರೆದು, ಲಿಂಕ್ಡ್ ಡಿವೈಸಸ್ ಪಟ್ಟಿಯಿಂದ ಹಳೆ ಎರಡನ್ನೂ ತೆಗೆದೆ.

ವಾಟ್ಸಾಪ್ ಅಂದೆನಲ್ಲ, ನನ್ನಂಥ ಅಂಗಡಿಗಳಲ್ಲಿ ಕಸದ ಗುಡ್ಡೆ ಇರುವುದೇ ಅಲ್ಲಿ. ಗಿರಾಕಿ "ಅಣ್ಣಾ, ಕಳಿಸೀನಿ, ಪ್ರಿಂಟ್ ಕೊಡ್ರಿ" ಅಂತಾನೆ. ನಾವು ವಾಟ್ಸಾಪ್ ವೆಬ್‌ನಲ್ಲಿ ಒತ್ತಿ ಇಳಿಸಿಕೊಳ್ಳುತ್ತೇವೆ, ಪ್ರಿಂಟ್ ಕೊಡುತ್ತೇವೆ, ಐದು ರೂಪಾಯಿ ತೆಗೆದುಕೊಳ್ಳುತ್ತೇವೆ. ಫೈಲ್ ಡೌನ್‌ಲೋಡ್ಸ್ ಫೋಲ್ಡರಿನಲ್ಲೇ ಉಳಿಯುತ್ತದೆ. ನನ್ನದರಲ್ಲಿ ಸಾವಿರಗಟ್ಟಲೆ ಇದ್ದವು. ಸ್ಕ್ಯಾನರ್ ಸಾಫ್ಟ್‌ವೇರ್ ತನ್ನದೇ ಬೇರೆ ಫೋಲ್ಡರ್ ಮಾಡಿಕೊಂಡಿತ್ತು, ಅದು ಇದೆ ಎಂದೇ ನನಗೆ ಗೊತ್ತಿರಲಿಲ್ಲ. ಫೋಟೊ ಅಳಿಸಿದರೂ ವಿಂಡೋಸ್ ಅದರ ಚಿಕ್ಕ ರೂಪವನ್ನು ಥಂಬ್‌ನೇಲ್ ಎಂದು ಬೇರೆ ಕಡೆ ಇಟ್ಟುಕೊಂಡಿರುತ್ತದೆ. ಆದ್ದರಿಂದ ಇದು ನನ್ನದು, ಅದು ಗಿರಾಕಿಯದು ಎಂದು ಆರಿಸಿ ಆರಿಸಿ ಅಳಿಸುವುದು ಸುಮ್ನೆ ಸಮಯ ಹಾಳು. ಡಿಸ್ಕ್ ಪೂರ್ತಿ ತೊಳೆಯಬೇಕು.

ಡಿಲೀಟ್ ಮಾಡಿದ್ದು ಮತ್ತೆ ಹೇಗೆ ಬರುತ್ತದೆ ಎಂದು ಮನೆಯವಳು ಕೇಳಿದ್ದಳು. ಅವಳ ಅಪ್ಪ ಮಂಡಿಪೇಟೆಯಲ್ಲಿ ಗುಮಾಸ್ತರಾಗಿದ್ದವರು. ಹಂಗಾಗಿ ಅದೇ ಲೆಕ್ಕದಲ್ಲಿ ಹೇಳಿದೆ. ಡಿಲೀಟ್ ಅಂದರೆ ಖಾತೆ ಪುಸ್ತಕದಲ್ಲಿ ಆ ಮಾಲಿನ ಸಾಲಿಗೆ ಅಡ್ಡಗೆರೆ ಎಳೆದ ಹಾಗೆ. ಮೆಕ್ಕೆಜೋಳದ ಚೀಲ ಗೋಡೌನಿನಲ್ಲಿ ಇದ್ದಲ್ಲೇ ಇರುತ್ತದೆ, ಬೇರೆ ಲೋಡ್ ಬಂದು ಅದೇ ಜಾಗ ಹಿಡಿಯುವವರೆಗೆ. ರೀಸೈಕಲ್ ಬಿನ್ ಖಾಲಿ ಮಾಡಿದರೂ ಅಷ್ಟೇ, ಶಿಫ್ಟ್ ಹಿಡಿದು ಡಿಲೀಟ್ ಒತ್ತಿದರೂ ಅಷ್ಟೇ. ಕ್ವಿಕ್ ಫಾರ್ಮ್ಯಾಟ್ ಅಂದರೆ ಹಳೆ ಪುಸ್ತಕ ಬಿಸಾಕಿ ಹೊಸ ಪುಸ್ತಕ ಇಟ್ಟಂತೆ. ಗೋಡೌನಿನ ಬಾಗಿಲು ಯಾರೂ ತೆಗೆದೇ ಇರುವುದಿಲ್ಲ. 2015ರಲ್ಲಿ ನಾನು ಮಾಡಿದ್ದು ಇದನ್ನೇ.

ಇದು ಎಷ್ಟು ನಿಜ ನೋಡೋಣ ಎಂದು ಡೆಸ್ಕ್‌ಟಾಪಿನ 500 ಜಿಬಿ ಹಾರ್ಡ್ ಡಿಸ್ಕ್ ಬಿಚ್ಚಿ, ಸಾಟಾದಿಂದ ಯುಎಸ್‌ಬಿಗೆ ಹೋಗುವ ಕೇಬಲ್ ಹಾಕಿ ಹೊಸ ಕಂಪ್ಯೂಟರಿಗೆ ಸೇರಿಸಿದೆ. ಬೇಕೆಂದೇ ಕ್ವಿಕ್ ಫಾರ್ಮ್ಯಾಟ್ ಮಾಡಿದೆ. ಆಮೇಲೆ ಫೋಟೊರೆಕ್ ಎಂಬ ಉಚಿತ ಸಾಫ್ಟ್‌ವೇರ್ ಹಾಕಿದೆ. ಇದು ಖಾತೆ ಪುಸ್ತಕವನ್ನು ಮುಟ್ಟುವುದೇ ಇಲ್ಲ, ನೇರ ಗೋಡೌನಿಗೆ ನುಗ್ಗುತ್ತದೆ. ಪ್ರತಿ ಜೆಪೆಗ್ ಫೋಟೊ ಎಫ್‌ಎಫ್, ಡಿ8, ಎಫ್‌ಎಫ್ ಎಂಬ ಮೂರು ಬೈಟುಗಳಿಂದ ಶುರುವಾಗುತ್ತದೆ. ಆ ಗುರುತು ಕಂಡಲ್ಲೆಲ್ಲ ಒಂದು ಫೈಲ್ ಎತ್ತಿ ಬೇರೆ ಡಿಸ್ಕಿಗೆ ಹಾಕುತ್ತದೆ. ಹಳೆ ಹೆಸರು ಬರುವುದಿಲ್ಲ, ಎಫ್ ಅಕ್ಷರದ ಮುಂದೆ ನಂಬರ್ ಅಷ್ಟೇ. ಅರ್ಧ ಗಂಟೆಗೆ ನಿಲ್ಲಿಸಿಬಿಟ್ಟೆ, ನೋಡಲು ಆಗಲಿಲ್ಲ. ಪಕ್ಕದ ಓಣಿಯ ಅಜ್ಜಿಯ ಪಿಂಚಣಿ ಅರ್ಜಿಯೂ ಅದರಲ್ಲಿತ್ತು. ಅವರು ತೀರಿಕೊಂಡು ಮೂರು ವರ್ಷ.

ಇನ್ನು ನಿಜವಾದ ಅಳಿಸುವ ಕೆಲಸ. ವಿಂಡೋಸಿನಲ್ಲೇ ಡಿಸ್ಕ್‌ಪಾರ್ಟ್ ಎಂಬ, ಕಮಾಂಡ್ ಹೊಡೆದು ನಡೆಸುವ ಸಾಧನ ಇದೆ, ದುಡ್ಡು ಕೊಟ್ಟು ಏನೂ ತರಬೇಕಿಲ್ಲ. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಡಿಸ್ಕ್‌ಪಾರ್ಟ್ ಎಂದು ಹೊಡೆದು, ಲಿಸ್ಟ್ ಡಿಸ್ಕ್ ಎಂದರೆ ಸೇರಿಸಿರುವ ಡಿಸ್ಕುಗಳೆಲ್ಲ ಕಾಣುತ್ತವೆ. ನನ್ನ ಕೈ ತಣ್ಣಗಾಗಿದ್ದು ಇಲ್ಲೇ. ಪಟ್ಟಿಯಲ್ಲಿ 465 ಜಿಬಿಯ ಎರಡು ಡಿಸ್ಕ್ ಇದ್ದವು. 500 ಎಂದು ಮಾರುವ ಡಿಸ್ಕನ್ನು ವಿಂಡೋಸ್ 465 ಎಂದೇ ತೋರಿಸುತ್ತದೆ, ಅದು ಎಣಿಕೆಯ ವ್ಯತ್ಯಾಸ. ಒಂದು ಮಾರಬೇಕಾದ ಡಿಸ್ಕ್. ಇನ್ನೊಂದು ಹತ್ತು ವರ್ಷದ ಡಿಸೈನ್ ತುಂಬಿದ ಬ್ಯಾಕಪ್! ಅದನ್ನು ಕಿತ್ತಿಡಲು ಮರೆತಿದ್ದೆ. ಕಂಪ್ಯೂಟರ್ ಯಾವ ಡಿಸ್ಕಿನಿಂದ ಓಡುತ್ತಿದೆಯೋ ಅದನ್ನು ಅಳಿಸಲು ಡಿಸ್ಕ್‌ಪಾರ್ಟ್ ಒಪ್ಪುವುದಿಲ್ಲ. ಬ್ಯಾಕಪ್ಪಿಗೆ ಅಂಥ ಕಾವಲು ಇಲ್ಲ, ನೀವು ನಂಬರ್ ಹೊಡೆದರೆ ಮುಗಿಯಿತು, ಖಚಿತಾನಾ ಎಂದೂ ಕೇಳುವುದಿಲ್ಲ. ಬ್ಯಾಕಪ್ ಕಿತ್ತು ಬೀರುವಿನಲ್ಲಿಟ್ಟು, ಒಂದು ಟೀ ಕುಡಿದು ಬಂದು, ಮತ್ತೆ ಲಿಸ್ಟ್ ಡಿಸ್ಕ್ ಹೊಡೆದೆ.

ಸೆಲೆಕ್ಟ್ ಡಿಸ್ಕ್, ಅದರ ನಂಬರ್. ಆಮೇಲೆ ಕ್ಲೀನ್ ಆಲ್. ಆಲ್ ಎಂಬ ಪದ ಮರೆಯಬೇಡಿ. ಬರೀ ಕ್ಲೀನ್ ಎಂದರೆ ಪಾರ್ಟಿಶನ್ ವಿವರ, ಅಂದರೆ ಡಿಸ್ಕನ್ನು ಹೇಗೆ ಭಾಗ ಮಾಡಿದೆ ಎಂಬ ಪಟ್ಟಿ ಮಾತ್ರ ಹೋಗುತ್ತದೆ, ಚೀಲಗಳು ಹಾಗೇ. ಕ್ಲೀನ್ ಆಲ್ ಎಂದರೆ ಡಿಸ್ಕಿನ ಮೊದಲ ಸೆಕ್ಟರಿನಿಂದ ಕೊನೆಯದರವರೆಗೂ ಸೊನ್ನೆ ಬರೆಯುತ್ತದೆ. ಎಷ್ಟಾಯಿತು ಎಂದು ತೋರಿಸುವುದಿಲ್ಲ. ಸುಮ್ನೆ ಕೂತಿರುತ್ತದೆ. ನನ್ನ ಕೇಬಲ್ ಹಳೆ ಯುಎಸ್‌ಬಿ 2ರದ್ದು, ಹಾಗಾಗಿ ನಿಧಾನ. ರಾತ್ರಿ ಎಂಟೂವರೆಗೆ ಹಚ್ಚಿ ಶಟರ್ ಎಳೆದು ಮನೆಗೆ ಹೋದೆ. ಬೆಳಿಗ್ಗೆ ಬಂದು ನೋಡಿದರೆ ಕಂಪ್ಯೂಟರ್ ಆಫ್. ರಾತ್ರಿ ಕರೆಂಟ್ ಹೋಗಿತ್ತು, ಯುಪಿಎಸ್ ಎಷ್ಟು ಹೊತ್ತು ತಡೆದೀತು? ಏನೂ ಕೆಡುವುದಿಲ್ಲ, ಮತ್ತೆ ಮೊದಲಿನಿಂದ ಹಚ್ಚಬೇಕು, ಅಷ್ಟೇ. ಈ ಸಲ ಹಗಲಲ್ಲೇ ಹಚ್ಚಿದೆ. ನಾಲ್ಕು ಗಂಟೆಯ ಮೇಲಾಯಿತು. ಕಮಾಂಡ್ ಹೊಡೆಯಲು ಅಂಜಿಕೆ ಇರುವವರು ಡೇಟಾ ಡಿಸ್ಕನ್ನು ಮಾಮೂಲಿ ಫಾರ್ಮ್ಯಾಟ್ ಕಿಟಕಿಯಲ್ಲೇ ಕ್ವಿಕ್ ಎಂಬ ಟಿಕ್ ತೆಗೆದು ಫಾರ್ಮ್ಯಾಟ್ ಮಾಡಬಹುದು. ವಿಸ್ಟಾದಿಂದ ಈಚೆಗಿನ ವಿಂಡೋಸ್‌ಗಳಲ್ಲಿ ಅದೂ ಸೊನ್ನೆ ಬರೆಯುತ್ತದೆ. ಎಕ್ಸ್‌ಪಿಯಲ್ಲಿ ಬರೆಯುತ್ತಿರಲಿಲ್ಲ.

ಏಳು ಸಲ ಬರೀಬೇಕು, 35 ಸಲ ಬರೀಬೇಕು ಎಂದು ಹೇಳುವವರು ಸಿಗುತ್ತಾರೆ. ಆ 35 ಬಂದಿದ್ದು ಕಂಪ್ಯೂಟರ್ ವಿಜ್ಞಾನಿ ಪೀಟರ್ ಗಟ್‌ಮನ್ 1996ರಲ್ಲಿ ಬರೆದ ಪ್ರಬಂಧದಿಂದ. ಆ ಕಾಲದ ಬೇರೆ ಬೇರೆ ಜಾತಿಯ ಡಿಸ್ಕುಗಳಿಗೆಲ್ಲ ಸೇರಿಸಿ ಹಾಕಿದ ಲೆಕ್ಕ ಅದು. ಈಗಿನ ಡಿಸ್ಕಿಗೆ ಅಷ್ಟೆಲ್ಲ ಬೇಡ ಎಂದು ಆಮೇಲೆ ಅವರೇ ಬರೆದರು. ನಾನು ಒಂದೇ ಸಲ ಬರೆಸಿದ್ದು.

ಮತ್ತೆ ಕಳ್ಳನಾದೆ. ಅದೇ ಡಿಸ್ಕ್, ಅದೇ ಫೋಟೊರೆಕ್. ಪೂರ್ತಿ ಓಡಿಸಿದೆ, ಸಿಕ್ಕಿದ್ದು ಸೊನ್ನೆ ಫೈಲು. ಅಷ್ಟಕ್ಕೆ ಸಮಾಧಾನ ಆಗದೆ ಡಿಸ್ಕಿನ ಬೈಟುಗಳನ್ನು ಇದ್ದ ಹಾಗೇ ತೋರಿಸುವ ಒಂದು ಹೆಕ್ಸ್ ಎಡಿಟರಿನಲ್ಲಿ ಮೊದಲು, ನಡುವೆ, ಕೊನೆ ಎಂದು ನಾಲ್ಕಾರು ಕಡೆ ಇಣುಕಿದೆ. ಎಲ್ಲಿ ನೋಡಿದರೂ 00 00 00. ಇಷ್ಟು ಚಂದದ ಪುಟವನ್ನು ನಾನು ಯಾವತ್ತೂ ಟೈಪ್ ಮಾಡಿರಲಿಲ್ಲ.

ಲ್ಯಾಪ್‌ಟಾಪ್ ವಿಷಯ ಬೇರೆ, ಅದರಲ್ಲಿರುವುದು ಎಸ್‌ಎಸ್‌ಡಿ, ತಿರುಗುವ ತಟ್ಟೆ ಇಲ್ಲದ ಚಿಪ್ಪಿನ ಡಿಸ್ಕ್. ಅಲ್ಲಿ ನೀವು ಬರೆಯಿರಿ ಎಂದ ಜಾಗದಲ್ಲೇ ಅದು ಬರೆಯುವುದಿಲ್ಲ. ಒಂದೇ ಕಡೆ ಸವೆಯಬಾರದು ಎಂದು ಜಾಗ ಬದಲಿಸುತ್ತಾ ಹೋಗುತ್ತದೆ, ನಮ್ಮ ಕಣ್ಣಿಗೆ ಕಾಣದ ಸ್ವಲ್ಪ ಜಾಗವನ್ನು ತನಗೇ ಇಟ್ಟುಕೊಂಡಿರುತ್ತದೆ. ಮೇಲಿಂದ ಸೊನ್ನೆ ಸುರಿದರೆ ಮೂಲೆ ಮುಟ್ಟುತ್ತದೆ ಎಂಬ ಭರವಸೆ ಇಲ್ಲ. ಒಳಗಿನ ಕಂಟ್ರೋಲರಿಗೇ ಎಲ್ಲ ಅಳಿಸು ಎಂದು ಹೇಳಬೇಕು. ನನ್ನ ಲ್ಯಾಪ್‌ಟಾಪಿನ ಬಯೋಸ್‌ನಲ್ಲಿ, ಅಂದರೆ ವಿಂಡೋಸ್ ಶುರುವಾಗುವ ಮುಂಚೆ ತೆರೆಯುವ ಸೆಟ್ಟಿಂಗ್ ಪರದೆಯಲ್ಲಿ, ಸೆಕ್ಯುರಿಟಿ ಮೆನು ಒಳಗೆ ಸೆಕ್ಯೂರ್ ಇರೇಸ್ ಇತ್ತು. ಒಂದೆರಡು ನಿಮಿಷದಲ್ಲಿ ಮುಗಿಯಿತು, ಡಿಸ್ಕ್‌ಪಾರ್ಟಿಗೆ ಕಾದು ಕೂತವನಿಗೆ ಇದು ಮೋಸ ಅನ್ನಿಸುವಷ್ಟು ಬೇಗ. ಬಯೋಸ್‌ನಲ್ಲಿ ಅದು ಇಲ್ಲದವರು ಮೊದಲು ಡಿಸ್ಕಿಗೆ ಬಿಟ್‌ಲಾಕರ್ (ಕೀಲಿ ಇಲ್ಲದೆ ಓದಲಾಗದ ಹಾಗೆ ಎಲ್ಲವನ್ನೂ ಗೂಢಲಿಪಿ ಮಾಡುವ ವಿಂಡೋಸಿನ ಸೌಲಭ್ಯ) ಹಾಕಿ ಬೀಗ ಜಡಿಯಿರಿ. ಬಳಸಿದ ಜಾಗ ಮಾತ್ರ ಅನ್ನುವುದನ್ನು ಬಿಟ್ಟು ಪೂರ್ತಿ ಡ್ರೈವ್ ಆರಿಸಿ. ಆಮೇಲೆ ಸೆಟ್ಟಿಂಗ್ಸಿನ ರೀಸೆಟ್ ದಿಸ್ ಪಿಸಿಗೆ ಹೋಗಿ ರಿಮೂವ್ ಎವೆರಿಥಿಂಗ್ ಒತ್ತಿ. ಅದರೊಳಗೆ ಚೇಂಜ್ ಸೆಟ್ಟಿಂಗ್ಸ್ ಎಂದು ಸಣ್ಣಗೆ ಇರುತ್ತದೆ, ಅಲ್ಲಿ ಕ್ಲೀನ್ ಡೇಟಾ ಆನ್ ಮಾಡದಿದ್ದರೆ ಅರ್ಧ ಕೆಲಸವೇ.

ಅಟ್ಟದಿಂದ ಇಳಿದ ಮೂರನೆಯ ಡಿಸ್ಕ್ ತಿರುಗುತ್ತಲೇ ಇರಲಿಲ್ಲ. ಅದಕ್ಕೆ ಸಾಫ್ಟ್‌ವೇರ್ ಕೆಲಸಕ್ಕೆ ಬರುವುದಿಲ್ಲ. ಅಳಿಯ ಹೊರಗೆ ಒಯ್ದು ಡ್ರಿಲ್ಲಿಂಗ್ ಮಷಿನ್ನಿನಿಂದ ಒಳಗಿನ ತಟ್ಟೆ ದಾಟುವ ಹಾಗೆ ಐದಾರು ತೂತು ಕೊರೆದ. ಕಣ್ಣಿಗೆ ಕನ್ನಡಕ ಹಾಕಿಸಿದ್ದೆ.

ಕೊಳ್ಳಲು ಬಂದ ಸೆಕೆಂಡ್ ಹ್ಯಾಂಡ್ ವ್ಯಾಪಾರಿ "ಯಾಕ್ರೀ ಇಷ್ಟೆಲ್ಲ, ನಾವೇ ಫಾರ್ಮ್ಯಾಟ್ ಹೊಡಕೋತಿದ್ವಿ" ಎಂದು ನಕ್ಕ. ನಾನೂ ನಕ್ಕೆ. ಖಾಲಿ ಡಿಸ್ಕ್ ನೋಡಿ ವಿಂಡೋಸ್ ಇಲ್ಲ ಎಂದು ಮುನ್ನೂರು ರೂಪಾಯಿ ಮುರಿದುಕೊಂಡ. ಹೋಗಲಿ ಎಂದು ಬಿಟ್ಟೆ.

ಅವನು ಗಾಡಿಗೆ ಹೇರುವಾಗ ಬಿಲ್ ಬುಕ್ ಹುಡುಕಲು ಮೇಜಿನ ಡ್ರಾವರ್ ಎಳೆದೆ. ಸ್ಟ್ಯಾಪ್ಲರ್ ಪಿನ್ನು, ಹಳೆ ಸೀಲುಗಳ ಹಿಂದೆ ಆ ಹುಡುಗ ಕೊಟ್ಟ ಪೆನ್‌ಡ್ರೈವ್ ಇತ್ತು. ಹತ್ತು ವರ್ಷದಿಂದ ಅಲ್ಲೇ. ನಿಶ್ಚಿತಾರ್ಥದ ಫೋಟೊ, ಮಾರ್ಕ್ಸ್ ಕಾರ್ಡ್, ಪಾಸ್‌ಬುಕ್ ಎಲ್ಲ ಅದರೊಳಗೇ. ಪೆನ್‌ಡ್ರೈವಿನದೂ ಎಸ್‌ಎಸ್‌ಡಿ ತರಹದ್ದೇ ಹಣೆಬರಹ, ಮೇಲಿಂದ ಬರೆದು ನಂಬುವ ಹಾಗಿಲ್ಲ. ಅಳಿಯನನ್ನು ಕೂಗಿ ಡ್ರಿಲ್ ವಾಪಸ್ ತರಿಸಿದೆ.