ಸಿಗರೇಟು ಬಿಟ್ಟ ನನ್ನ ಅನುಭವ: ಒಂದೊಂದಕ್ಕೂ ಬೇರೆ ಬೇರೆ ಏರ್ಪಾಡು

ಪೀಣ್ಯದ ಒಂದು ಮೆಷಿನ್ ಶಾಪ್‌ನಲ್ಲಿ ನನ್ನ ಕೆಲಸ, ಶಿಫ್ಟ್ ಡ್ಯೂಟಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಹತ್ತಿದ ಸಿಗರೇಟು ದಿನಕ್ಕೆ ಹೆಚ್ಚುಕಡಿಮೆ ಒಂದು ಪ್ಯಾಕಿಗೆ ಬಂದು ನಿಂತಿತ್ತು. ಬಿಟ್ಟು ಈಗ ಎರಡು ವರ್ಷದ ಮೇಲಾಯಿತು. ಬಿಡಬೇಕು ಅನ್ನುವವರಿಗೆ ಎಲ್ಲರೂ ಹೇಳುವುದು ಒಂದೇ ಮಾತು: "ಮನಸ್ಸು ಗಟ್ಟಿ ಮಾಡ್ಕೋ." ಆ ಮಾತಿನಿಂದ ನನಗೇನೂ ಸಹಾಯ ಆಗಲಿಲ್ಲ. ಬೆಳಿಗ್ಗೆ ಮನಸ್ಸು ಗಟ್ಟಿಯಾಗೇ ಇರುತ್ತದೆ, ಟೀ ಹೊತ್ತಿಗೆ ಸಡಿಲ ಆಗುತ್ತದೆ. ನನ್ನನ್ನು ದಾಟಿಸಿದ್ದು ಬೇರೆಯದು. ಯಾವ ಸಿಗರೇಟು ಯಾವ ಹೊತ್ತಿಗೆ ನನಗೆ ಏನು ಮಾಡಿಕೊಡುತ್ತಿದೆ ಅಂತ ಮೊದಲು ನೋಡಿದೆ. ಆಮೇಲೆ ಒಂದೊಂದರ ಜಾಗಕ್ಕೂ ಬೇರೆ ಏನನ್ನಾದರೂ ತಂದಿಟ್ಟೆ.

ಇದನ್ನು ಹೇಳಿಕೊಟ್ಟಿದ್ದು ಫೋನಿನಲ್ಲಿ ಸಿಕ್ಕ ಒಬ್ಬ ಮೇಡಂ. ಸಿಗರೇಟ್ ಪ್ಯಾಕಿನ ಮೇಲೆ ಆ ಭಯಂಕರ ಚಿತ್ರದ ಜೊತೆ ಒಂದು ನಂಬರ್ ಇರುತ್ತದೆ, ನೋಡಿರುತ್ತೀರಿ: 1800-11-2356. ದುಡ್ಡು ಕಟ್ಟಾಗುವುದಿಲ್ಲ. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೇ ಇದರ ಒಂದು ಕೇಂದ್ರ ಇದೆ, ಕನ್ನಡದಲ್ಲೇ ಮಾತಾಡುತ್ತಾರೆ. ಉಪದೇಶ ಮಾಡುತ್ತಾರೆ ಅಂದುಕೊಂಡು ಫೋನ್ ಮಾಡಿದೆ. ಅವರು ಕೇಳಿದ ಮೊದಲ ಪ್ರಶ್ನೆಗಳಲ್ಲಿ ಒಂದು, "ಬೆಳಿಗ್ಗೆ ಎದ್ದ ಎಷ್ಟು ಹೊತ್ತಿಗೆ ಮೊದಲನೇದು ಸೇದುತ್ತೀರ?" ಅರ್ಧ ಗಂಟೆಯ ಒಳಗೇ ಬೇಕು ಅನ್ನಿಸಿದರೆ ದೇಹ ನಿಕೋಟಿನ್‌ಗೆ ಚೆನ್ನಾಗಿ ಒಗ್ಗಿಹೋಗಿದೆ ಅಂತ ಅರ್ಥವಂತೆ. ನನಗೆ ಎದ್ದ ಕೂಡಲೇ ಬೇಕಿತ್ತು. ಬಿಡುವ ದಿನ ಒಂದನ್ನು ಗೊತ್ತು ಮಾಡಿಕೊಳ್ಳಿ, ಅಲ್ಲಿಯವರೆಗೆ ಪ್ರತಿ ಸಿಗರೇಟಿಗೂ ಹೊತ್ತು, ಜಾಗ, ಜೊತೆಗೆ ಯಾರಿದ್ದರು ಅಂತ ಬರೆದಿಡಿ ಅಂದರು. ಆಮೇಲೆ ಅವರೇ ನೆನಪಿಟ್ಟು ಫೋನ್ ಮಾಡುತ್ತಿದ್ದರು.

ಬರೆದಿಟ್ಟಿದ್ದನ್ನು ಓದಿದಾಗ ಒಂದು ವಿಷಯ ಕಾಣಿಸಿತು. ಪ್ಯಾಕಿನಲ್ಲಿ ಅರ್ಧದಷ್ಟು ಸಿಗರೇಟು ನಾನು ಆಸೆಪಟ್ಟು ಸೇದಿದ್ದೇ ಅಲ್ಲ. ಬಸ್ ಬರಲಿಲ್ಲ, ಸೇದಿದೆ. ಪಕ್ಕದವನು ಹಚ್ಚಿದ, ನಾನೂ ಹಚ್ಚಿದೆ. ಅವು ಸುಲಭವಾಗಿ ಹೋದವು. ನಿಜವಾಗಿ ಕಷ್ಟ ಕೊಟ್ಟಿದ್ದು ಮೂರೇ: ಎದ್ದ ಕೂಡಲೇ ಸೇದುವುದು, ಟೀ ಜೊತೆಯದು, ಕೋಪ ಬಂದಾಗಿನದು.

ಎದ್ದ ಕೂಡಲೇ ಸೇದುವುದರ ಬಗ್ಗೆ ಜನ ಹೇಳಿಕೊಳ್ಳುವುದಿಲ್ಲ, ಆದರೆ ಬಿಡಲು ಹೆದರುವುದಕ್ಕೆ ಅದು ದೊಡ್ಡ ಕಾರಣ. ಸಿಗರೇಟು ಇಲ್ಲದೆ ಹೊಟ್ಟೆ ಸರಿಯಾಗುವುದಿಲ್ಲ. ಇದು ಬರೀ ಭ್ರಮೆಯಲ್ಲ. ನಿಕೋಟಿನ್ ಕರುಳನ್ನು ಚುರುಕು ಮಾಡುತ್ತದೆ, ಅದು ನಿಂತ ಮೇಲೆ ಕೆಲವು ವಾರ ಮಲಬದ್ಧತೆ ಆಗುವುದು ಮಾಮೂಲು. ನಾನು ಎದ್ದ ತಕ್ಷಣ ಎರಡು ಲೋಟ ಬಿಸಿನೀರು ಕುಡಿದು ಮಹಡಿ ಮೇಲೆ ಹತ್ತು ನಿಮಿಷ ಓಡಾಡುತ್ತಿದ್ದೆ. ರಾತ್ರಿ ಊಟಕ್ಕೆ ಮುದ್ದೆ, ಸೊಪ್ಪಿನ ಸಾರು, ಕೊನೆಗೆ ಪರಂಗಿ ಹಣ್ಣು. ಮೊದಲ ವಾರ ಒದ್ದಾಡಿದೆ. ಮೂರನೇ ವಾರದ ಹೊತ್ತಿಗೆ ಹೊಟ್ಟೆ ತಾನೇ ಸರಿಯಾಯಿತು.

ಟೀ ಸಿಗರೇಟು ಎಲ್ಲಕ್ಕಿಂತ ಹಠಮಾರಿ. ಫ್ಯಾಕ್ಟರಿ ಗೇಟಿನ ಎದುರು ಒಂದು ಗೂಡಂಗಡಿ, ಅಲ್ಲೇ ಟೀ, ಅಲ್ಲೇ ಲೂಸ್ ಸಿಗರೇಟು. ನಮ್ಮ ರಾಜ್ಯದಲ್ಲಿ ಬಿಡಿಯಾಗಿ ಮಾರುವಂತಿಲ್ಲ, ಆದರೂ ಸಿಗುತ್ತದೆ. ನಾನು ಟೀ ಬಿಡಲಿಲ್ಲ, ಜಾಗ ಬದಲಾಯಿಸಿದೆ. ಕ್ಯಾಂಟೀನ್ ಒಳಗೆ, ಕೂತು, ಸಿಗರೇಟು ಹಿಡಿಯುತ್ತಿದ್ದ ಕೈಯಲ್ಲೇ ಲೋಟ ಹಿಡಿದು ಕುಡಿಯುತ್ತಿದ್ದೆ. ಕೈಗೊಂದು ಕೆಲಸ ಬೇಕು, ಅದು ತುಂಬಾ ಮುಖ್ಯ. ಗೆಳೆಯರು "ಬಾ ಗುರು, ಒಂದು ದಮ್ ಹೊಡ್ಕೊಂಡ್ ಬರೋಣ" ಅಂತ ಕರೆದಾಗ "ಬಿಟ್ಟಿದೀನಿ ಗುರು, ಟೀ ಕುಡಿಯೋದಾದ್ರೆ ಒಳಗೆ ಬಾ" ಅಂದೆ. ಇಬ್ಬರು ಒಳಗೇ ಬರಲು ಶುರು ಮಾಡಿದರು. ಅವರಿಗೆ ಇನ್ನೂ ಒಂದು ಮಾತು ಹೇಳಿಟ್ಟಿದ್ದೆ: "ನಾನಾಗೇ ಬಂದು ಕೇಳಿದ್ರೂ ಕೊಡಬೇಡ್ರಪ್ಪಾ."

ಕಾಫಿ, ಟೀ ಬಗ್ಗೆ ನನಗೆ ಮೊದಲು ಗೊತ್ತಿರದ ಒಂದು ಸಂಗತಿ ಇದೆ. ಹೊಗೆಯಲ್ಲಿರುವ ಕೆಲವು ಅಂಶಗಳಿಂದ ಲಿವರ್ ಕೆಫೀನನ್ನು ಬೇಗ ಬೇಗ ಕರಗಿಸುತ್ತದೆ. ಸೇದುವುದು ನಿಂತ ಮೇಲೆ ಆ ವೇಗ ಇಳಿಯುತ್ತದೆ. ಮೊದಲಿನಷ್ಟೇ ಕಾಫಿ ಕುಡಿದರೂ ಮೈಯಲ್ಲಿ ಕೆಫೀನ್ ಜಾಸ್ತಿ ಹೊತ್ತು ಉಳಿಯುತ್ತದೆ. ಎದೆ ಹೊಡೆದುಕೊಳ್ಳುವುದು, ಕೈ ನಡುಕ, ನಿದ್ದೆ ಬಾರದಿರುವುದು, ಇದೆಲ್ಲ ಸಿಗರೇಟು ಬಿಟ್ಟಿದ್ದಕ್ಕೇ ಆಗುತ್ತಿದೆ ಅಂದುಕೊಂಡು ಎಷ್ಟೋ ಜನ ಮತ್ತೆ ಹಚ್ಚುತ್ತಾರೆ. ನಾನು ದಿನದ ಕಾಫಿ, ಟೀ ಎರಡನ್ನೂ ಅರ್ಧಕ್ಕೆ ಇಳಿಸಿದೆ. ಪೂರ್ತಿ ಲೋಟದ ಬದಲು ಬೈಟು. ಒಂದು ವಾರದಲ್ಲಿ ನಿದ್ದೆ ಸುಧಾರಿಸಿತು.

ಸೆಳೆತ ಬಂದಾಗ ಏನು ಮಾಡುತ್ತಿದ್ದೆ? ಮೊದಲು ಗಡಿಯಾರ ನೋಡುತ್ತಿದ್ದೆ. ಸೇದಲೇಬೇಕು ಅನ್ನಿಸುವ ಆ ಜೋರು ಸಾಮಾನ್ಯವಾಗಿ ಐದು ನಿಮಿಷದೊಳಗೆ ಇಳಿಯುತ್ತದೆ. ಸೇದಿದರೂ ಇಳಿಯುತ್ತದೆ, ಸೇದದಿದ್ದರೂ ಇಳಿಯುತ್ತದೆ. ಇದನ್ನು ಓದಿ ತಿಳಿದುಕೊಳ್ಳುವುದು ಬೇರೆ, ಗಡಿಯಾರದ ಮುಂದೆ ನಿಂತು ಕಣ್ಣಾರೆ ನೋಡುವುದು ಬೇರೆ. ಲೇತ್ ಮೆಷಿನ್ ಪಕ್ಕದ ಗೋಡೆ ಗಡಿಯಾರವೇ ನನಗೆ ಸಾಕಾಯಿತು. ಆ ಐದು ನಿಮಿಷದಲ್ಲಿ ಒಂದು ಲೋಟ ನೀರನ್ನು ಗುಟುಕು ಗುಟುಕಾಗಿ ಕುಡಿಯುವುದು, ಮೂಗಿನಿಂದ ಉಸಿರು ಎಳೆದು ಬಾಯಿಂದ ನಿಧಾನಕ್ಕೆ ಬಿಡುವುದು, ಮುಖ ತೊಳೆಯುವುದು, ಜಾಗ ಬಿಟ್ಟು ಎದ್ದು ಹೋಗುವುದು. ಜೇಬಿನಲ್ಲಿ ಲವಂಗ, ಸೋಂಪು, ಹುರಿಗಡಲೆ ಇರುತ್ತಿತ್ತು. ನಿಕೋಟಿನ್ ಎರಡು ಗಂಟೆಯಲ್ಲಿ ರಕ್ತದಲ್ಲಿ ಅರ್ಧಕ್ಕೆ ಇಳಿಯುತ್ತದೆ, ಅದಕ್ಕೇ ಸೇದುವವರಿಗೆ ಗಂಟೆ ಎರಡು ಗಂಟೆಗೊಮ್ಮೆ ಬೇಕು ಅನ್ನಿಸುವುದು. ಬಿಟ್ಟ ಮೊದಲ ಮೂರು ದಿನ ಬಹಳ ಕಷ್ಟ. ಆಮೇಲೆ ಸೆಳೆತಗಳ ನಡುವಿನ ಅಂತರ ದೊಡ್ಡದಾಗುತ್ತಾ ಹೋಗುತ್ತದೆ. ಈ ಲೆಕ್ಕ ಗೊತ್ತಿದ್ದರಿಂದಲೇ ನಾನು ನೈಟ್ ಶಿಫ್ಟ್ ವಾರವನ್ನು ಬಿಟ್ಟು, ಫಸ್ಟ್ ಶಿಫ್ಟ್ ಇದ್ದ ವಾರವನ್ನು ಆರಿಸಿಕೊಂಡೆ. ರಾತ್ರಿ ಮೂರು ಗಂಟೆಗೆ ನಿದ್ದೆ ತಡೆಯಲು ಸಿಗರೇಟೇ ಆಸರೆಯಾಗಿತ್ತು. ಆ ಜಗಳವನ್ನು ಮೊದಲ ದಿನವೇ ಮೈಮೇಲೆ ಎಳೆದುಕೊಳ್ಳುವುದು ಬೇಡ ಅನ್ನಿಸಿತು.

ಇಷ್ಟರಿಂದಲೇ ಆಗಲಿಲ್ಲ. ನಿಕೋಟಿನ್ ಗಮ್ ಕೂಡ ಬಳಸಿದೆ. ಔಷಧಿ ಸಹಾಯ ತಗೊಂಡರೆ ಬಿಟ್ಟ ಹಾಗಲ್ಲ ಅನ್ನುವವರ ಮಾತು ಕೇಳಬೇಡಿ. ಮೈಗೆ ಅಭ್ಯಾಸವಾಗಿರುವುದು ನಿಕೋಟಿನ್, ಕ್ಯಾನ್ಸರ್ ತರುವ ವಿಷಗಳಲ್ಲಿ ಹೆಚ್ಚಿನವು ಇರುವುದು ಹೊಗೆಯಲ್ಲಿ. ಹೊಗೆ ಇಲ್ಲದೆ ನಿಕೋಟಿನ್ ಕೊಟ್ಟು, ಅದನ್ನೂ ಮೆಲ್ಲಗೆ ಇಳಿಸುವುದು ಗಮ್ಮಿನ ಉದ್ದೇಶ. ಆದರೆ ಅದನ್ನು ಚೂಯಿಂಗ್ ಗಮ್ ಹಾಗೆ ಅಗಿದರೆ ಕೆಲಸ ಮಾಡುವುದಿಲ್ಲ. ನಾಲ್ಕಾರು ಸಲ ಅಗಿಯಬೇಕು, ನಾಲಿಗೆಗೆ ಖಾರ ತಾಗಿದ ಹಾಗಾದಾಗ ನಿಲ್ಲಿಸಿ ಕೆನ್ನೆಯೊಳಗೆ ಒತ್ತಿಟ್ಟುಕೊಳ್ಳಬೇಕು. ಖಾರ ಹೋದ ಮೇಲೆ ಮತ್ತೆ ಅಗಿಯಬೇಕು. ಹೀಗೆ ಅರ್ಧ ಗಂಟೆ. ನಿಕೋಟಿನ್ ಒಳಗೆ ಹೋಗುವುದು ಬಾಯಿಯ ಒಳಪದರದ ಮೂಲಕ. ಸುಮ್ನೆ ಅಗಿದು ನುಂಗುತ್ತಿದ್ದರೆ ಬಿಕ್ಕಳಿಕೆ, ಎದೆಯುರಿ ಅಷ್ಟೇ ಸಿಗುವುದು. ಕಾಫಿ, ಜ್ಯೂಸ್ ಕುಡಿದ ಹದಿನೈದು ನಿಮಿಷದೊಳಗೆ ಹಾಕಿಕೊಂಡರೂ ಅಷ್ಟಾಗಿ ಹಿಡಿಯುವುದಿಲ್ಲ. 2 ಎಂಜಿ, 4 ಎಂಜಿ ಅಂತ ಎರಡು ಬಗೆ ಇದೆ. ಯಾವುದು, ದಿನಕ್ಕೆ ಎಷ್ಟು ಅನ್ನುವುದನ್ನು ಡಾಕ್ಟರ್ ಹತ್ತಿರ ಕೇಳಿ. ಹೃದಯದ ತೊಂದರೆ ಇರುವವರು, ಬಸುರಿಯರು ಕೇಳದೆ ತಗೊಳ್ಳಲೇಬೇಡಿ. ನಾನು ಸುಮಾರು ಮೂರು ತಿಂಗಳಲ್ಲಿ ಇಳಿಸಿ ನಿಲ್ಲಿಸಿದೆ. ಗಮ್ ಸಾಲದವರಿಗೆ ಪ್ಯಾಚ್ ಇದೆ, ಡಾಕ್ಟರ್ ಬರೆದುಕೊಡುವ ಮಾತ್ರೆಗಳೂ ಇವೆ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಸಿಗರೇಟು ಬಿಟ್ಟು ಗುಟ್ಕಾಗೆ, ಪಾನ್ ಮಸಾಲಾಗೆ ಹೋದವರನ್ನು ನಮ್ಮ ಶಾಪಿನಲ್ಲೇ ನೋಡಿದ್ದೇನೆ. "ಬರೀ ಅಡಿಕೆ ತಾನೇ" ಅನ್ನುತ್ತಾರೆ. ತಂಬಾಕು ಇಲ್ಲದ ಅಡಿಕೆಯೂ ಬಾಯಿ ಕ್ಯಾನ್ಸರ್‌ಗೆ ಕಾರಣ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಎಂದೋ ಹೇಳಿದೆ. ಇ-ಸಿಗರೇಟಂತೂ ನಮ್ಮ ದೇಶದಲ್ಲಿ 2019ರಿಂದಲೇ ನಿಷೇಧ. ಹಾಗೇ, ದಿನಕ್ಕೆ ಮೂರಕ್ಕೆ ಇಳಿಸಿ ಅಲ್ಲೇ ನಿಲ್ಲುತ್ತೇನೆ ಅನ್ನುವುದೂ ನಡೆಯುವುದು ಕಷ್ಟ. ಎಣಿಕೆ ಇಳಿದಷ್ಟೂ ಒಂದೊಂದನ್ನೂ ಜೋರಾಗಿ, ತುದಿಯವರೆಗೆ ಎಳೆಯುತ್ತೇವೆ.

ಕೋಪದ ವಿಷಯ ಮನೆಯಲ್ಲಿ ಮೊದಲೇ ಹೇಳಿದ್ದೆ. "ಎರಡು ಮೂರು ವಾರ ನಾನು ಸಿಡುಕಿದ್ರೆ ಮನಸ್ಸಿಗೆ ಹಚ್ಕೋಬೇಡ." ಹೆಂಡತಿ, "ಆಗ್ಲಿ ರೀ, ಆದ್ರೆ ಮಗಳ ಮೇಲೆ ಮಾತ್ರ ರೇಗಬೇಡಿ" ಅಂದಳು. ರೇಗುವ ಹಾಗಾದಾಗ ಚಪ್ಪಲಿ ಹಾಕಿಕೊಂಡು ಹೊರಡುತ್ತಿದ್ದೆ, ಒಂದು ಸುತ್ತು ನಡೆದು ಬರುತ್ತಿದ್ದೆ. ಮಗಳೂ ಕೆಲವು ದಿನ ಜೊತೆಗೆ ಬಂದಳು. ಅವಳಿದ್ದಾಗ ಗೂಡಂಗಡಿ ಕಡೆ ತಿರುಗುವ ಮಾತೇ ಇರಲಿಲ್ಲ. ಮೇಲಿನ ಮೂರಕ್ಕೆ ಸೇರದ ಇನ್ನೊಂದು ಅಪಾಯ ಗುಂಡು. ಎರಡು ಪೆಗ್ ಒಳಗೆ ಹೋದ ಮೇಲೆ ಯಾವ ನಿರ್ಧಾರವೂ ಉಳಿಯುವುದಿಲ್ಲ. ಮೊದಲ ಎರಡು ತಿಂಗಳು ಪಾರ್ಟಿ ಇದ್ದ ಕಡೆ ಹೋಗಲೇ ಇಲ್ಲ.

ಬಿಟ್ಟ ಮೇಲೆ ಕೆಮ್ಮು ಕಡಿಮೆ ಆಗಬೇಕಲ್ವಾ? ನನಗೆ ಮೊದಲು ಜಾಸ್ತಿಯಾಯಿತು. ಶ್ವಾಸನಾಳದ ಒಳಗಿನ ಸಣ್ಣ ಕೂದಲುಗಳು ಮತ್ತೆ ಕೆಲಸ ಶುರು ಮಾಡಿ ಕಫ ಹೊರಗೆ ತಳ್ಳುತ್ತವೆ, ಕೆಲವು ವಾರ ಹೀಗಾಗುತ್ತದೆ ಅಂತ ಡಾಕ್ಟರ್ ಹೇಳಿದರು. ಕಫದಲ್ಲಿ ರಕ್ತ ಕಂಡರೆ ಮಾತ್ರ ಕಾಯದೆ ತೋರಿಸಬೇಕು. ತೂಕವೂ ಸ್ವಲ್ಪ ಏರಿತು. ಅದಕ್ಕೆ ಹೆದರಿ ಮತ್ತೆ ಹಚ್ಚುವುದರಲ್ಲಿ ಅರ್ಥವಿಲ್ಲ, ತೂಕ ಆಮೇಲೆ ಇಳಿಸಬಹುದು.

ಈಗಲೂ ಅಪರೂಪಕ್ಕೆ ಸೆಳೆತ ಬರುತ್ತದೆ, ಅದೂ ನೆನೆಸದ ಜಾಗದಲ್ಲಿ. ಮಳೆ ಬಂದು ಬಸ್ ಸ್ಟಾಪಿನಲ್ಲಿ ನಿಂತಾಗ, ಹಳೇ ಗೆಳೆಯ ಸಿಕ್ಕಾಗ. ಮೊದಲಿನ ಜೋರು ಇಲ್ಲ, ಒಂದು ನಿಮಿಷಕ್ಕೆ ಹೋಗುತ್ತದೆ. ಆದರೆ "ಒಂದು ಎಳೆತ ಎಳೆದರೆ ಏನಾಗುತ್ತದೆ" ಅನ್ನುವ ಯೋಚನೆಗೆ ನಾನು ಇವತ್ತಿಗೂ ಉತ್ತರ ಕೊಡಲು ಹೋಗುವುದಿಲ್ಲ, ಜಾಗ ಬಿಟ್ಟು ನಡೆಯುತ್ತೇನೆ. ನಮ್ಮ ಶಾಪಿನ ಹುಡುಗನೊಬ್ಬ ಈಗ ಬಿಡಲು ಹೊರಟಿದ್ದಾನೆ. ಅವನ ಚೀಟಿಯಲ್ಲಿ ಬಿಡಲು ಕಷ್ಟ ಅಂತ ಬರೆದಿರುವುದು ನನ್ನವುಗಳಲ್ಲ. ಅವನಿಗೆ ಬೈಕ್ ನಿಲ್ಲಿಸಿದ ಕೂಡಲೇ ಬೇಕು, ರಾತ್ರಿ ಫೋನಿನಲ್ಲಿ ಮಾತಾಡುವಾಗ ಬೇಕು. ಹಾಗಾಗಿ ಫೋನ್ ಬಂದರೆ ಮನೆಯೊಳಗೆ ಕೂತೇ ಮಾತಾಡು, ಮಹಡಿಗೆ ಹೋಗಬೇಡ ಅಂತ ಅವನಿಗೆ ಹೇಳಿದ್ದೇನೆ. ಬೈಕಿನದಕ್ಕೆ ಏನು ಮಾಡುವುದು ಅಂತ ಇಬ್ಬರೂ ಇನ್ನೂ ಹುಡುಕುತ್ತಿದ್ದೇವೆ.